ಸೀಮಿತ ಆವೃತ್ತಿಯ ಕ್ಯಾನ್ವಾಸ್ ಚಿತ್ರಗಳಿಗೆ ಸಂಖ್ಯೆಯ ಜೊತೆ ದಾಖಲೆಯೂ ಇರಲಿ

ಮಾನ್ಯ ಸಂಪಾದಕರೇ,

ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಹೋಂಸ್ಟೇ, ರೆಸಾರ್ಟ್‌ಗಳಲ್ಲಿ ಮಾತ್ರವಲ್ಲದೆ ಹೊಸದಾಗಿ ಕಟ್ಟಿಸಿದ ಮನೆಗಳ ಹಜಾರಗಳಲ್ಲಿಯೂ ಈಗ ಕ್ಯಾನ್ವಾಸ್ ಮೇಲೆ ಮುದ್ರಿಸಿದ ದೊಡ್ಡ ಚಿತ್ರಗಳು ಕಾಣಸಿಗುತ್ತವೆ. ಮುಳ್ಳಯ್ಯನಗಿರಿಯ ಮಂಜು, ಹೂ ಬಿಟ್ಟ ಕಾಫಿ ತೋಟ, ಬೇಲೂರಿನ ದರ್ಪಣಸುಂದರಿ ಮುಂತಾದ ನಮ್ಮ ನೆಲದ ವಸ್ತುಗಳನ್ನೇ ಕಲಾವಿದರೂ ಛಾಯಾಗ್ರಾಹಕರೂ ಆರಿಸಿಕೊಳ್ಳುತ್ತಿರುವುದು ಸಂತೋಷದ ವಿಷಯ. ಇವುಗಳಲ್ಲಿ ಹಲವನ್ನು ‘ಲಿಮಿಟೆಡ್ ಎಡಿಷನ್’, ಅಂದರೆ ಇಂತಿಷ್ಟೇ ಪ್ರತಿಗಳೆಂದು ಮಿತಿ ಹಾಕಿ ಮುದ್ರಿಸಿದ ಸೀಮಿತ ಆವೃತ್ತಿ ಎಂದು ಕರೆದು, ಸಾಮಾನ್ಯ ಪ್ರಿಂಟಿಗಿಂತ ಹಲವು ಪಟ್ಟು ಹೆಚ್ಚಿನ ಬೆಲೆಗೆ ಮಾರಲಾಗುತ್ತಿದೆ. ಚಿತ್ರಗಳಿಗೆ ಕಟ್ಟು ಹಾಕುವ ವೃತ್ತಿಯಲ್ಲಿರುವ ನನ್ನ ಕೈಗೆ ಇಂಥ ಚಿತ್ರಗಳು ಕೊಂಡ ಹೊಸತರಲ್ಲಿ ಒಮ್ಮೆ, ಮಳೆಗಾಲ ಕಳೆದ ಮೇಲೆ ಕೆಟ್ಟು ಮತ್ತೊಮ್ಮೆ ಬರುತ್ತವೆ. ಕೊಳ್ಳುವವರು ಏನನ್ನು ಕೇಳಿ ಪಡೆಯಬೇಕು, ಕೊಂಡದ್ದನ್ನು ಮಲೆನಾಡಿನ ಹವೆಯಲ್ಲಿ ಹೇಗೆ ಕಾಪಾಡಬೇಕು ಎಂಬುದು ಈ ಎರಡೂ ಸಂದರ್ಭಗಳಲ್ಲಿ ನನಗೆ ಎದುರಾಗುವ ಪ್ರಶ್ನೆಯಾದ್ದರಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ.

ಹಳೆಯ ಮುದ್ರಣ ಪದ್ಧತಿಗಳಲ್ಲಿ ಪ್ರತಿಗಳ ಮಿತಿಯನ್ನು ಬಹುಮಟ್ಟಿಗೆ ಲೋಹವೇ ನಿರ್ಧರಿಸುತ್ತಿತ್ತು. ತಾಮ್ರದ ತಗಡಿನ ಮೇಲೆ ಸೂಜಿಯಿಂದ ನೇರವಾಗಿ ಗೀರಿ ಮಾಡುವ ಡ್ರೈಪಾಯಿಂಟ್ ಪದ್ಧತಿಯಲ್ಲಿ ಗೀರಿನ ಅಂಚಿಗೆ ಎದ್ದು ನಿಲ್ಲುವ ನವಿರಾದ ಲೋಹದ ಏಣು ಶಾಯಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಯಂತ್ರದ ಒತ್ತಡಕ್ಕೆ ಆ ಏಣು ಬೇಗ ಸವೆಯುವುದರಿಂದ ಕೆಲವು ಹತ್ತು ಪ್ರತಿಗಳನ್ನು ತೆಗೆಯುವಷ್ಟರಲ್ಲಿ ಗೆರೆ ಸೊರಗುತ್ತದೆ. ಹೀಗಾಗಿ ಮೊದಲ ಪ್ರತಿಗಳಿಗೆ ಹೆಚ್ಚಿನ ಬೆಲೆ ಬರುವುದಕ್ಕೆ ಕಣ್ಣಿಗೆ ಕಾಣುವ ಕಾರಣವಿತ್ತು. ಇಂದಿನ ಕ್ಯಾನ್ವಾಸ್ ಚಿತ್ರಗಳು ಬಹುಪಾಲು ಇಂಕ್‌ಜೆಟ್ ಯಂತ್ರದಲ್ಲಿ ತಯಾರಾಗುತ್ತವೆ. 1990ರ ದಶಕದಿಂದ ‘ಜೀಕ್ಲೇ’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿರುವುದೂ ಇಂಕ್‌ಜೆಟ್ ಮುದ್ರಣವೇ. ಕಂಪ್ಯೂಟರಿನಲ್ಲಿರುವ ಫೈಲ್ ಸವೆಯುವುದಿಲ್ಲ, ಐದು ಸಾವಿರ ಪ್ರತಿ ತೆಗೆದರೂ ಕೊನೆಯದು ಮೊದಲನೆಯದರಂತೆಯೇ ಇರುತ್ತದೆ. ಆದ್ದರಿಂದ ಐವತ್ತು ಪ್ರತಿಗಳಿಗೆ ನಿಲ್ಲಿಸುತ್ತೇನೆಂಬ ಕಲಾವಿದರ ಮಾತೊಂದೇ ಇಲ್ಲಿರುವ ಮಿತಿ. ಕೊಳ್ಳುವವರು ಹೆಚ್ಚುವರಿ ಹಣ ತೆರುವುದು ಆ ಮಾತಿಗಾಗಿ. ಅಂಥ ಮಾತು ಬರಹದಲ್ಲಿ ಇಲ್ಲದಿದ್ದರೆ ಅವರ ಕೈಯಲ್ಲಿ ಉಳಿಯುವುದು ಬಣ್ಣದ ಬಟ್ಟೆ ಮಾತ್ರ.

ಇದು ಊಹೆಯ ಮಾತಲ್ಲ. ಒಮ್ಮೆ ಬೇರೆ ಬೇರೆ ಮನೆಯವರು ಕಟ್ಟು ಹಾಕಿಸಲು ತಂದುಕೊಟ್ಟ ಎರಡು ಚಿತ್ರಗಳು ನನ್ನ ಮೇಜಿನ ಮೇಲೆ ಅಕ್ಕಪಕ್ಕದಲ್ಲಿದ್ದವು. ಮಂಜು ಮುಸುಕಿದ ಅದೇ ಗುಡ್ಡ, ಅದೇ ಒಂಟಿ ಮರ. ಒಂದು ಎರಡಡಿ ಅಗಲ, ಇನ್ನೊಂದು ಮೂರಡಿ. ಎರಡರ ಹಿಂಭಾಗದಲ್ಲಿಯೂ 7/50, ಅಂದರೆ ಐವತ್ತು ಪ್ರತಿಗಳಲ್ಲಿ ಏಳನೆಯದು ಎಂದು ಬರೆದಿತ್ತು. ಮಾರಿದವರನ್ನು ವಿಚಾರಿಸಿದಾಗ, ಅಳತೆ ಬೇರೆಯಾದ್ದರಿಂದ ಆವೃತ್ತಿಯೂ ಬೇರೆ ಎಂಬ ಉತ್ತರ ಬಂತು. ಪ್ರತಿ ಅಳತೆಗೂ ಪ್ರತ್ಯೇಕ ಆವೃತ್ತಿ ಹೊರಡಿಸುವ ರೂಢಿ ಈ ವ್ಯಾಪಾರದಲ್ಲಿದೆ ಎಂಬುದು ನಿಜ. ಆದರೆ ಎಷ್ಟು ಅಳತೆಗಳಲ್ಲಿ, ಕ್ಯಾನ್ವಾಸ್ ಮೇಲೆ ಎಷ್ಟು, ಕಾಗದದ ಮೇಲೆ ಎಷ್ಟು ಎಂಬುದನ್ನು ಮೊದಲೇ ತಿಳಿಸದೆ, ಜಗತ್ತಿನಲ್ಲಿ ಐವತ್ತೇ ಇವೆ ಎಂಬ ಭಾವನೆ ಹುಟ್ಟಿಸಿ ಮಾರುವುದು ಕೊಳ್ಳುವವರಿಗೆ ಮಾಡುವ ಅನ್ಯಾಯ. ಅದಕ್ಕಿಂತ ಹೆಚ್ಚಾಗಿ, ಆಡಿದ ಮಾತಿಗೆ ಕಟ್ಟುಬಿದ್ದು ಕಡಿಮೆ ಪ್ರತಿಗಳನ್ನು ಮಾತ್ರ ತೆಗೆಯುವ ಪ್ರಾಮಾಣಿಕ ಕಲಾವಿದರಿಗೆ ಮಾಡುವ ಅನ್ಯಾಯ.

ಹಾಗಾಗಿ ಹಣ ಕೊಡುವ ಮೊದಲು ಕಲಾವಿದರ ಸಹಿಯುಳ್ಳ ಪ್ರಮಾಣಪತ್ರವನ್ನು ಕೇಳಬೇಕು. ಅದರಲ್ಲಿ ಚಿತ್ರದ ಹೆಸರು, ಮುದ್ರಿಸಿದ ವರ್ಷ, ಅಳತೆ, ಕ್ಯಾನ್ವಾಸ್ ಮತ್ತು ಶಾಯಿಯ ಬಗೆ, ಎಲ್ಲ ಅಳತೆಗಳೂ ಸೇರಿದ ಒಟ್ಟು ಪ್ರತಿಗಳ ಸಂಖ್ಯೆ, ಇವುಗಳ ಹೊರತಾಗಿ ಕಲಾವಿದರು ತಮಗಾಗಿ ಇಟ್ಟುಕೊಂಡ ‘ಎ.ಪಿ.’ (ಆರ್ಟಿಸ್ಟ್ಸ್ ಪ್ರೂಫ್) ಗುರುತಿನ ಪ್ರತಿಗಳ ಸಂಖ್ಯೆ, ಮುಂದೆ ಇದೇ ಚಿತ್ರವನ್ನು ಮತ್ತೆ ಮುದ್ರಿಸುವುದಿಲ್ಲವೆಂಬ ಹೇಳಿಕೆ ಇವಿಷ್ಟು ಇರಬೇಕು. ಅಮೆರಿಕದ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ರಾಜ್ಯಗಳಲ್ಲಿ ಇಂಥ ವಿವರಗಳನ್ನು ಬರಹದಲ್ಲಿ ಕೊಡುವುದು ಮಾರಾಟಗಾರರ ಕಾನೂನುಬದ್ಧ ಹೊಣೆಯಾಗಿದೆ. ಸಹಿಯೊಂದನ್ನೇ ನೋಡಿ ತೃಪ್ತರಾಗುವುದು ಸಾಲದು. ಸ್ಪೇನಿನ ಪ್ರಖ್ಯಾತ ಕಲಾವಿದ ಸಾಲ್ವಡಾರ್ ಡಾಲಿ ಸಾವಿರಾರು ಖಾಲಿ ಹಾಳೆಗಳಿಗೆ ಮುಂಚಿತವಾಗಿಯೇ ಸಹಿ ಹಾಕಿಕೊಟ್ಟದ್ದರಿಂದ ಅವರ ಹೆಸರಿನ ಮುದ್ರಿತ ಚಿತ್ರಗಳ ಮಾರುಕಟ್ಟೆಯೇ ಕಲುಷಿತವಾದದ್ದು ಕಲಾಲೋಕಕ್ಕೆ ಗೊತ್ತಿರುವ ಸಂಗತಿ. ಕ್ಯಾನ್ವಾಸ್ ಚಿತ್ರಗಳಲ್ಲಂತೂ ಸಹಿಯೇ ಫೈಲಿನೊಳಗೆ ಸೇರಿ ಮುದ್ರಣವಾಗಿರುವುದುಂಟು. ಕೈಯಿಂದ ಹಾಕಿದ ಸಹಿಯಾದರೆ ಬೆಳಕಿಗೆ ಓರೆಯಾಗಿ ಹಿಡಿದಾಗ ಶಾಯಿ ಅಥವಾ ಬಣ್ಣ ಬಟ್ಟೆಯ ನೇಯ್ಗೆಯ ಮೇಲೆ ಪ್ರತ್ಯೇಕವಾಗಿ ಕುಳಿತಿರುವುದು ಸಾಮಾನ್ಯವಾಗಿ ಕಾಣುತ್ತದೆ.

ಸುಳ್ಳು ವಿವರ ಕೊಟ್ಟು ಮಾರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿಯಾಗುತ್ತದೆ. ಚಿತ್ರವನ್ನು ಬೆಂಗಳೂರಿನಲ್ಲಿ ಕೊಂಡಿದ್ದರೂ ಆನ್‌ಲೈನ್ ಮೂಲಕ ತರಿಸಿದ್ದರೂ ಖರೀದಿದಾರರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ಎರಡು ವರ್ಷಗಳೊಳಗೆ ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೂ ಕರೆ ಮಾಡಬಹುದು. ರಸೀದಿಯ ಮೇಲೆ ಬರೀ ‘ವಾಲ್ ಡೆಕೋರ್’ ಎಂದು ಬರೆಸಿಕೊಂಡು ಬಂದವರ ವಾದ ಅಲ್ಲಿ ನಿಲ್ಲುವುದು ಕಷ್ಟ, ಸಂಖ್ಯೆಯನ್ನೂ ಆವೃತ್ತಿಯನ್ನೂ ರಸೀದಿಯಲ್ಲಿಯೇ ನಮೂದಿಸಿಕೊಳ್ಳಬೇಕು. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಸಾಮಾನ್ಯವಾಗಿ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ರೆಸಾರ್ಟ್ ಮಾಲೀಕರು ಇನ್ನೂ ಹೆಚ್ಚು ಎಚ್ಚರ ವಹಿಸುವುದು ಒಳ್ಳೆಯದು.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಸಂಖ್ಯೆಯಿಲ್ಲದ ಚಿತ್ರ ಕೀಳು ಎಂದು ನಾನು ಭಾವಿಸಿಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಮುದ್ರಣಾಲಯದಿಂದ ಬಂದ ಲಕ್ಷ್ಮಿ, ಸರಸ್ವತಿಯರ ಪಟಗಳು ಯಾವ ಮಿತಿಯೂ ಇಲ್ಲದೆ ಅಚ್ಚಾಗಿ ದೇಶದ ಮನೆಮನೆಯನ್ನು ತಲುಪಿದವು. ನಮ್ಮ ಸೀಮೆಯ ಹಳೆಯ ಮನೆಗಳಿಂದ ಗಾಜು ಒಡೆದ ಅಂಥ ಪಟಗಳು ಇಂದಿಗೂ ಕಟ್ಟು ಬದಲಿಸಲು ನನ್ನ ಬಳಿಗೆ ಬರುತ್ತವೆ, ಅವನ್ನು ಮುಟ್ಟುವಾಗ ನನಗೆ ಗೌರವವೇ ಮೂಡುತ್ತದೆ. ಗೋಡೆಗೊಂದು ಚೆಂದದ ಚಿತ್ರ ಬೇಕೆನ್ನುವವರು ಮಿತಿಯಿಲ್ಲದ ಪ್ರಿಂಟನ್ನು ಅದಕ್ಕೆ ತಕ್ಕ ಬೆಲೆಗೆ ಧಾರಾಳವಾಗಿ ಕೊಳ್ಳಲಿ. ಮಿತಿಯ ಹೆಸರಿನಲ್ಲಿ ಬೆಲೆ ಏರಿಸಿದಾಗ ಮಾತ್ರ ಮಿತಿಗೆ ಸಾಕ್ಷ್ಯ ಬೇಕು. ಇನ್ನೊಂದು ಮಾತು: ಫೈಲಿನಿಂದ ತೆಗೆದ ಪ್ರತಿಗಳಲ್ಲಿ 2/50ಕ್ಕೂ 48/50ಕ್ಕೂ ಗುಣದಲ್ಲಿ ಯಾವ ಭೇದವೂ ಇಲ್ಲವಾದ್ದರಿಂದ ಚಿಕ್ಕ ಸಂಖ್ಯೆಗೆಂದು ಹೆಚ್ಚು ಹಣ ಕೊಡಬೇಕಾಗಿಲ್ಲ.

ಗುಣಮಟ್ಟವನ್ನು ತಿಳಿಯಲು ಮೊದಲು ನೋಡಬೇಕಾದದ್ದು ಚಿತ್ರದ ಮೂಲೆಯನ್ನು. ಬಟ್ಟೆಯನ್ನು ಒಳಚೌಕಟ್ಟಿನ ಮೇಲೆ ಮಡಿಸಿ ಬಿಗಿದಿರುವ ಆ ಜಾಗದಲ್ಲಿ ಲೇಪನ ಕಳಪೆಯಾಗಿದ್ದರೆ ಬಣ್ಣ ಬಿರಿದು ಬಿಳಿಯ ಗೆರೆ ಕಾಣುತ್ತದೆ. ಶಾಯಿ ಪಿಗ್ಮೆಂಟ್ (ಕರಗದ ಬಣ್ಣದ ಕಣಗಳಿರುವ) ಬಗೆಯದೋ ಡೈ (ಬಣ್ಣ ಪೂರ್ತಿ ಕರಗಿರುವ) ಬಗೆಯದೋ ಎಂದು ಕೇಳಬೇಕು. ಬೆಳಕಿಗೆ ಪಿಗ್ಮೆಂಟ್ ಶಾಯಿ ಬಹಳ ಹೆಚ್ಚು ಕಾಲ ತಾಳುತ್ತದೆ. ಅತಿ ಬೆಳ್ಳಗೆ ಹೊಳೆಯುವ ಕ್ಯಾನ್ವಾಸ್‌ನಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಬೆರೆತಿರುವ ಸಂಭವವಿದ್ದು, ವರ್ಷಗಳು ಕಳೆದಂತೆ ಅದು ಶಕ್ತಿ ಕಳೆದುಕೊಂಡು ಚಿತ್ರದ ತಿಳಿಬಣ್ಣಗಳು ಹಳದಿಗೆ ತಿರುಗುತ್ತವೆ. ನೇರಳಾತೀತ ಕಿರಣವನ್ನು ತಡೆಯುವ ವಾರ್ನಿಷ್ ಹಚ್ಚಿದ್ದಾರೆಯೇ ಎಂಬುದನ್ನೂ ವಿಚಾರಿಸಬೇಕು.

ಇನ್ನು ಆರೈಕೆಯ ವಿಚಾರ. ಚಿತ್ರದ ಜೊತೆ ಬರುವ ಅಚ್ಚಾದ ಸೂಚನೆಗಳು ಬಯಲುಸೀಮೆಗೆ ಸಾಕಾಗಬಹುದು. ಕೊಟ್ಟಿಗೆಹಾರ, ಶೃಂಗೇರಿ, ಕೊಪ್ಪ, ಸಕಲೇಶಪುರದ ಕಡೆಯ ಮನೆಗಳಿಗೆ ಸಾಲವು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 65–70ನ್ನು ದಾಟಿ ಹಾಗೆಯೇ ನಿಂತರೆ ಬೂಷ್ಟು ಬೆಳೆಯಲು ಅನುಕೂಲವಾಗುತ್ತದೆ, ನಮ್ಮ ಮಳೆಗಾಲದಲ್ಲಿ ವಾರಗಟ್ಟಲೆ ಹವೆ ಅದಕ್ಕಿಂತಲೂ ತೇವವಾಗಿರುತ್ತದೆ. ಮಳೆ ಹೊಳವಾದ ಮೇಲೆ ನನ್ನಲ್ಲಿಗೆ ಬರುವ ಚಿತ್ರಗಳು ಮುಂಭಾಗದಲ್ಲಿ ಹೊಸದರಂತೆಯೇ ಇರುತ್ತವೆ. ಹಿಂದಕ್ಕೆ ತಿರುಗಿಸಿದರೆ ಕೆಳಗಿನ ಮರದ ಪಟ್ಟಿಗೂ ಬಟ್ಟೆಗೂ ನಡುವಿನ ಸಂದಿಯಲ್ಲಿ ಧೂಳು, ಸತ್ತ ಹುಳು, ಅದರ ಮೇಲೆ ಬೂದುಬಣ್ಣದ ಬೂಷ್ಟು. ಸ್ಟೇಪ್ಲರ್ ಪಿನ್ನುಗಳು ತುಕ್ಕು ಹಿಡಿದು ಬಟ್ಟೆಯ ಮೇಲೆ ಕಂದು ಕಲೆ. ಸಾಮಾನ್ಯ ಪಿನ್ನಿನ ಬದಲು ಸ್ಟೇನ್‌ಲೆಸ್ ಸ್ಟೀಲ್ ಪಿನ್ನು ಹಾಕಿಸಿದರೆ ಈ ಕಲೆಯನ್ನು ತಪ್ಪಿಸಬಹುದು, ಅದಕ್ಕೆ ತಗಲುವ ಖರ್ಚೂ ಅಲ್ಪ.

ಇರಚಲು ಹೊಡೆಯುವ ಹೊರಗೋಡೆಗೆ ಚಿತ್ರವನ್ನು ತೂಗುಹಾಕಲೇಬಾರದು, ಮನೆಯ ಒಳಗೋಡೆಯೇ ಕ್ಷೇಮ. ಹೊಸ ಮನೆಯಾದರೆ ಗಾರೆ ಪೂರ್ತಿ ಒಣಗುವವರೆಗೆ ಕಾಯಬೇಕು. ಚೌಕಟ್ಟಿನ ಹಿಂಭಾಗದ ನಾಲ್ಕು ಮೂಲೆಗಳಿಗೆ ರಬ್ಬರ್ ಅಥವಾ ಕಾರ್ಕಿನ ಬಿಲ್ಲೆ ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ. ಮಳೆಗಾಲಕ್ಕೆಂದು ಪ್ಲಾಸ್ಟಿಕ್ ಹೊದಿಸಿ ಕಟ್ಟಿಡುವ ಪದ್ಧತಿ ಹಲವರಲ್ಲಿದೆ. ಒಳಗೆ ಸಿಕ್ಕಿಬಿದ್ದ ತೇವ ಹೊರಹೋಗಲಾರದೆ ಬೂಷ್ಟು ಇನ್ನೂ ಬೇಗ ಹಿಡಿಯುತ್ತದೆ. ದೇವರ ದೀಪ, ಊದುಬತ್ತಿ, ಒಲೆಯ ಹೊಗೆ ತಾಗುವ ಜಾಗವೂ ಕೂಡದು, ಏಕೆಂದರೆ ಗಾಜಿಲ್ಲದ ಕ್ಯಾನ್ವಾಸ್‌ನ ನೇಯ್ಗೆಯೊಳಗೆ ಸೇರಿದ ಮಸಿಯನ್ನು ಮತ್ತೆ ತೆಗೆಯುವುದು ಬಹಳ ಕಷ್ಟ.

ಬೂಷ್ಟು ಕಂಡಾಗ ಗಾಬರಿಯಿಂದ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅದು ನೇಯ್ಗೆಯೊಳಕ್ಕೆ ಇನ್ನಷ್ಟು ಇಳಿಯುತ್ತದೆ. ಕಣದಲ್ಲಿ ಕಾಫಿ ಹರಡಿದ ಹಾಗೆ ಚಿತ್ರವನ್ನು ಅಂಗಳದ ಬಿಸಿಲಿಗೆ ಹಾಕುವವರೂ ಇದ್ದಾರೆ. ತೇವ ಹೀರಿದ ಬಟ್ಟೆಯೂ ಮರವೂ ಬೇರೆ ಬೇರೆ ವೇಗದಲ್ಲಿ ಒಣಗಿ ಚೌಕಟ್ಟು ತಿರುಚಿಕೊಳ್ಳುತ್ತದೆ, ವಾರ್ನಿಷ್ ಬಿರುಕು ಬಿಡುತ್ತದೆ. ಗಾಳಿಯಾಡುವ ನೆರಳಿನಲ್ಲಿ ಕೆಲವು ದಿನ ಇಟ್ಟು, ಪೂರ್ತಿ ಒಣಗಿದ ಮೇಲೆ ಮೂಗಿಗೆ ಮಾಸ್ಕ್ ಧರಿಸಿ, ಮನೆಯ ಹೊರಗೆ ಮೆತ್ತನೆಯ ಒಣ ಬ್ರಷ್‌ನಿಂದ ಹಿಂಭಾಗವನ್ನು ಹಗುರವಾಗಿ ಝಾಡಿಸಬೇಕು. ಚಿತ್ರದ ಮುಖಕ್ಕೇ ಬೂಷ್ಟು ಹಬ್ಬಿದ್ದರೆ, ಬೆಲೆಬಾಳುವ ಕೃತಿಯಾದಲ್ಲಿ, ಕಲಾ ಸಂರಕ್ಷಣೆಯ ತಜ್ಞರಿಗೆ ತೋರಿಸುವುದೇ ಸರಿ. ಮಳೆಗಾಲದಲ್ಲಿ ಜೋಲುಬಿದ್ದ ಬಟ್ಟೆಯನ್ನು ಆಗಲೇ ಒಳಚೌಕಟ್ಟಿನ ಮೂಲೆಗಳಿಗೆ ಬೆಣೆ ಬಡಿದು ಬಿಗಿಮಾಡಿಸಬಾರದು. ಫೆಬ್ರವರಿ, ಮಾರ್ಚ್‌ನ ಒಣಹವೆಗೆ ಅದು ತಾನಾಗಿಯೇ ಬಿಗಿಯುತ್ತದೆ, ಮೊದಲೇ ಎಳೆದು ಕಟ್ಟಿದ್ದರೆ ಮೂಲೆಗಳಲ್ಲಿ ಹರಿಯುವ ಭಯವಿದೆ. ಚೌಕಟ್ಟಿನಿಂದ ಬಿಡಿಸಿ ಸಾಗಿಸಬೇಕಾದಾಗ ಚಿತ್ರದ ಮುಖ ಹೊರಗೆ ಬರುವಂತೆ ದಪ್ಪ ಕೊಳವೆಯ ಮೇಲೆ ಸುತ್ತಬೇಕು.

ಚಿತ್ರ ಕೊಂಡವರಿಗೆ ಅದರ ಹಕ್ಕುಸ್ವಾಮ್ಯವೂ ಬರುತ್ತದೆ ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ವ್ಯಾಪಕವಾಗಿದೆ. 1957ರ ಕಾಯ್ದೆಯಂತೆ ಕಲಾವಿದರ ಜೀವಿತಾವಧಿಯಲ್ಲಿಯೂ ನಂತರದ 60 ವರ್ಷಗಳವರೆಗೂ ಕೃತಿಯ ಹಕ್ಕುಸ್ವಾಮ್ಯ ಊರ್ಜಿತದಲ್ಲಿರುತ್ತದೆ. ಬರಹದ ಮೂಲಕ ವರ್ಗಾಯಿಸದ ಹೊರತು ಅದು ಸಾಮಾನ್ಯವಾಗಿ ಕಲಾವಿದರದ್ದೇ. ಗೋಡೆಯ ಮೇಲಿನ ಚಿತ್ರದ ಫೋಟೋ ತೆಗೆದು ರೆಸಾರ್ಟಿನ ಜಾಹೀರಾತಿಗೋ ಮೆನು ಪುಸ್ತಕಕ್ಕೋ ಬಳಸುವ ಮೊದಲು ಅವರ ಅನುಮತಿ ಪಡೆಯಬೇಕು.

ನಮ್ಮ ಎರಡು ಜಿಲ್ಲೆಗಳಲ್ಲಿ ಕಲಾಪ್ರದರ್ಶನ ಏರ್ಪಡಿಸುವ ಸಂಘಸಂಸ್ಥೆಗಳು, ಮಾರಾಟಕ್ಕಿಟ್ಟ ಪ್ರತಿಯೊಂದು ಮುದ್ರಿತ ಚಿತ್ರದ ಪಕ್ಕದಲ್ಲಿ ಅದು ಮುದ್ರಿತವೆಂಬುದನ್ನೂ ಎಲ್ಲ ಅಳತೆಗಳೂ ಸೇರಿದ ಒಟ್ಟು ಪ್ರತಿಗಳ ಸಂಖ್ಯೆಯನ್ನೂ ಕನ್ನಡದಲ್ಲಿ ಬರೆದು ಅಂಟಿಸುವ ನಿಯಮ ಮಾಡಿಕೊಳ್ಳಬೇಕೆಂದು ವಿನಂತಿಸುತ್ತೇನೆ. ತಮ್ಮ ಪತ್ರಿಕೆಯೂ ಪ್ರದರ್ಶನಗಳ ವರದಿಯಲ್ಲಿ ಬೆಲೆಯನ್ನು ಪ್ರಕಟಿಸುವಾಗ ಮೂಲಕೃತಿ ಯಾವುದು, ಮುದ್ರಿತ ಪ್ರತಿ ಯಾವುದು ಎಂಬುದನ್ನು ತಪ್ಪದೆ ಸೂಚಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಚಿತ್ರಗಳಿಗೆ ಕಟ್ಟು ಹಾಕುವ ವೃತ್ತಿಯ ಓದುಗ
ಚಿಕ್ಕಮಗಳೂರು