ಹುಟ್ಟಿದ ದಾಖಲೆ ಸಿಗದಿದ್ದರೆ ತವರೂರಿನಲ್ಲಿ ಹುಡುಕಿ

ಮಾನ್ಯ ಸಂಪಾದಕರೇ,

ನಮ್ಮ ಅಜ್ಜನ ಹುಟ್ಟಿದ ದಾಖಲೆಗಾಗಿ ಎರಡು ವರ್ಷ ಓಡಾಡಿದೆ. ಬೀಳಗಿ ತಾಲೂಕಿನಲ್ಲಿ ಕೃಷ್ಣಾ ದಂಡೆಯ ಮೇಲೆ ನಮ್ಮ ಊರಿತ್ತು. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಡೆ ಆಯಿತು. ಮನೆ ಬಿಡುವ ಗಡಿಬಿಡಿಯಲ್ಲಿ ಅಜ್ಜನ ಟ್ರಂಕಿನ ಕಾಗದಗಳೂ ಹೋದವು. ತೋರಿಸಲು ಊರಿಲ್ಲ, ವಂಶಾವಳಿಯಾದರೂ ಮಕ್ಕಳ ಕೈಗೆ ಕೊಡೋಣ ಅಂತ ಬರೆಯಲು ಕೂತೆ. ಅಜ್ಜನ ಹೆಸರಿಗೇ ಪೆನ್ನು ನಿಂತಿತು.

ಕಚೇರಿಯವರು ನಮ್ಮ ಊರಿನ ಹಳೆಯ ಜನನ ರಜಿಸ್ಟರ್ ನೋಡಿ ‘ದಾಖಲೆ ಲಭ್ಯವಿಲ್ಲ’ ಎಂದು ಹಿಂಬರಹ ಕೊಟ್ಟರು. ಶಾಲೆಯಲ್ಲಿ 1-6-1917 ಎಂದು ಇತ್ತು. ಅದು ಶಾಲೆಗೆ ಹಚ್ಚುವಾಗ ಮಾಸ್ತರು ಅಂದಾಜಿನ ಮೇಲೆ ಬರೆದದ್ದು. ನಮ್ಮ ಕಡೆ ಜೂನ್ ಒಂದನೇ ತಾರೀಖಿನ ಹಿರಿಯರು ಮನೆಗೊಬ್ಬರು ಸಿಗುತ್ತಾರೆ, ಅಲ್ವಾ? ಅಜ್ಜಿ ಹೇಳುತ್ತಿದ್ದ ಮಾತು ಬೇರೆಯೇ ಇತ್ತು: “ದೊಡ್ಡ ಜಡ್ಡು ಬಂದು ಹೋದ ವರ್ಷ, ಬನದ ಹುಣ್ಣಿವಿ ಆಗಿ ಮೂರು ದಿನಕ್ಕ ಹುಟ್ಯಾರ. ಸೋದರಮಾವ ಜಾತ್ರಿಯಿಂದ ತೊಟ್ಟಿಲಾ ತಲಿಮ್ಯಾಲೆ ಹೊತ್ಕೊಂಡು ಬಂದಿದ್ದನಂತ.” ಇದನ್ನು ನೂರು ಸಲ ಕೇಳಿದ್ದೆ. ಕಥೆ ಅಂತ ಸುಮ್ನೆ ಬಿಟ್ಟಿದ್ದೆ.

ಕಣ್ಣು ತೆರೆಸಿದವರು ನಮ್ಮ ಹೆಳವರು, ಮನೆತನಗಳ ವಂಶಾವಳಿ ಬರೆದಿಟ್ಟು ಮನೆಮನೆಗೆ ಬಂದು ಓದಿ ಹೇಳುವವರು. ಜೋಳದ ರಾಶಿ ಮುಗಿದ ಮೇಲೆ ಅವರು ಬರುತ್ತಾರೆ. ಮೊದಲು ಎತ್ತಿನ ಮೇಲೆ ಬರುತ್ತಿದ್ದರು, ಈಗ ಮೋಟಾರ್‌ಸೈಕಲ್. ಪುಸ್ತಕ ಮಾತ್ರ ಅದೇ, ಬಟ್ಟೆಯಲ್ಲಿ ಸುತ್ತಿದ್ದು. ಆರು ತಲೆಮಾರು ಓದಿದರು. ಮೂಲ ಊರು, ಬೆಡಗು (ಕುಲದ ಒಳಗಿನ ಬಳಿ), ಯಾರಿಗೆ ಎಷ್ಟು ಗಂಡುಮಕ್ಕಳು, ಎಲ್ಲ ಇತ್ತು. ಹೆಣ್ಣುಮಕ್ಕಳ ಹೆಸರು ಬಹಳ ಕಡೆ ಇರಲಿಲ್ಲ. ನನ್ನ ಗೋಳು ಕೇಳಿ ಅವರು ಒಂದೇ ಪ್ರಶ್ನೆ ಕೇಳಿದರು: “ಅವ್ವಾ, ಅಜ್ಜ ಚೊಚ್ಚಲ ಕೂಸಲ್ಲೇನು? ಚೊಚ್ಚಲ ಬಾಣಂತನ ಎಲ್ಲಿ ಆತು?”

ಹೌದಲ್ಲ! ಕುಬಸ (ಸೀಮಂತ) ಮಾಡಿ ತವರಿಗೆ ಕರೆದುಕೊಂಡು ಹೋಗುವುದು ನಮ್ಮ ಪದ್ಧತಿ. ಕೂಸು ಹುಟ್ಟಿದ ಊರಿನಲ್ಲೇ ಜನನ ದಾಖಲಾಗುತ್ತದೆ. ನಾನು ಎರಡು ವರ್ಷ ಹುಡುಕಿದ್ದು ತಂದೆಯ ಊರಿನ ಪುಸ್ತಕ.

ಆಗ ಅಜ್ಜಿಯ ಮಾತು ತಿಳಿಯಿತು. ದೊಡ್ಡ ಜಡ್ಡು ಎಂದರೆ 1918ರ ಇನ್‌ಫ್ಲುಯೆಂಜಾ. ಅದರ ಬೆನ್ನಿಗೆ ಬಂದ ಬನದ ಹುಣ್ಣಿಮೆ 1919ರ ಜನವರಿ 16. ಆ ಹುಣ್ಣಿಮೆಗೆ ಬಾದಾಮಿ ಹತ್ತಿರ ನಡೆಯುವ ಬನಶಂಕರಿ ಜಾತ್ರೆಯಿಂದ ತೊಟ್ಟಿಲು ಹೊತ್ತು ನಡೆದು ಬಂದರೆಂದರೆ ತವರೂರು ಬಾದಾಮಿ ತಾಲೂಕಿನಲ್ಲೇ ಇರಬೇಕು. ಮುತ್ತಜ್ಜಿಯ ಹೆಸರು ಸಿಕ್ಕಿದ್ದು ಹಳೆಯ ವಾರ್ಸಾ ಡೈರಿಯಲ್ಲಿ, ಅಂದರೆ ಜಮೀನಿನ ವಾರಸುದಾರರನ್ನು ಬರೆದಿಡುವ ದಾಖಲೆಯಲ್ಲಿ. ಮುತ್ತಜ್ಜ ತೀರಿಕೊಂಡಾಗ ಅಜ್ಜ ಇನ್ನೂ ಸಣ್ಣವರು. ಅದಕ್ಕೆ ಅವರ ಹೆಸರಿನ ಮುಂದೆ ‘ಅ.ಪಾ.ಕ. ತಾಯಿ’ ಎಂದು ಹಾಕಿ ಮುತ್ತಜ್ಜಿಯ ಹೆಸರು ಬರೆದಿದ್ದರು. ಅಜ್ಞಾನ ಪಾಲನಕರ್ತೆ, ಅಂದರೆ ವಯಸ್ಸಿಗೆ ಬರದ ಮಗನ ಪರವಾಗಿ ನಿಂತವಳು. ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರದ ಹೆಸರು ಅದು. ಅದನ್ನು ಗುಳೇದಗುಡ್ಡದ ಅತ್ತೆಗೆ ಫೋನಿನಲ್ಲಿ ಹೇಳಿದ್ದೇ ತಡ, ಅವರು ತವರೂರಿನ ಹೆಸರು ಹೇಳಿಬಿಟ್ಟರು.

ಆ ಊರಿನ ರಜಿಸ್ಟರ್ ತೆಗೆಸಿದೆವು. ಅಂಚು ಹುಳ ತಿಂದಿದೆ, ಹಾಳೆ ಮುಟ್ಟಿದರೆ ಪುಡಿಯಾಗುತ್ತದೆ. 1919, ಜನವರಿ 19. ಕೂಸಿನ ಹೆಸರಿನ ಕಡೆ ಖಾಲಿ. ‘ಗಂಡು’ ಎಂದಷ್ಟೇ ಇದೆ. ಪಕ್ಕದಲ್ಲಿ ನಮ್ಮ ಮುತ್ತಜ್ಜನ ಹೆಸರು, ನಮ್ಮ ಊರು. ತೊಟ್ಟಿಲಿಗೆ ಹಾಕುವ ಮೊದಲೇ ವರದಿ ಕೊಟ್ಟರೆ ಹೆಸರು ಎಲ್ಲಿಂದ ಬರಬೇಕು? ಅಜ್ಜನ ಹೆಸರು ಹಿಡಿದು ಹುಡುಕಿದ್ದರೆ ಇಲ್ಲಿಯೂ ‘ಲಭ್ಯವಿಲ್ಲ’ ಅನ್ನುತ್ತಿದ್ದರು. ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ನಾನು ಅಲ್ಲೇ ಅತ್ತುಬಿಟ್ಟೆ.

ನನ್ನ ಹಾಗೆ ಹುಡುಕುತ್ತಿರುವವರು ಜಾಸ್ತಿ ಇದ್ದಾರೆ, ಮುಳುಗಡೆ ಊರಿನವರಂತೂ ಇನ್ನೂ ಜಾಸ್ತಿ. ಅವರಿಗೆ ಹೇಳುವುದಿಷ್ಟೇ. ಹಿಂಬರಹ ಕೈಗೆ ಬಂತೆಂದು ಕೈಬಿಡಬೇಡಿ. ಅದು ಒಂದು ಊರಿನ ಪುಸ್ತಕದ ಮಾತು. ತಾಯಿಯ ತವರು ಕೇಳಿ, ತಂದೆಯ ಹೆಸರಿನಿಂದ ಹುಡುಕಿಸಿ, ಶಾಲೆಯ ವರ್ಷದ ಹಿಂದೆ ಮುಂದೆ ಎರಡು ಮೂರು ವರ್ಷ ತಿರುವಿಸಿ.

ಅಧಿಕಾರಿಗಳಲ್ಲಿಯೂ ಒಂದು ಕೋರಿಕೆ. ತಹಸೀಲ್ದಾರ್ ಕಚೇರಿಗಳಲ್ಲಿ ‘ಭೂ ಸುರಕ್ಷಾ’ ಯೋಜನೆಯಲ್ಲಿ ಹಳೆಯ ಭೂದಾಖಲೆ ಸ್ಕ್ಯಾನ್ ಮಾಡುತ್ತಿದ್ದೀರಿ. ಒಳ್ಳೆಯ ಕೆಲಸ. ಹಳೆಯ ಜನನ ಮರಣ ರಜಿಸ್ಟರ್‌ಗಳನ್ನೂ ಹಾಗೆಯೇ ಸ್ಕ್ಯಾನ್ ಮಾಡಿಸಿ. ನಾನು ಕಂಡ ಪುಸ್ತಕ ಇನ್ನು ಹತ್ತು ಮಳೆಗಾಲ ತಾಳುವುದಿಲ್ಲ.

ಬರುವ ಸುಗ್ಗಿಗೆ ನಮ್ಮ ಹೆಳವರು ಮತ್ತೆ ಬರುತ್ತಾರೆ. ಮುತ್ತಜ್ಜಿಯ ಹೆಸರು, ಅವರ ತವರೂರು ಎರಡನ್ನೂ ಪುಸ್ತಕಕ್ಕೆ ಹಚ್ಚಿಸುತ್ತೇನೆ. ನನ್ನ ಇಬ್ಬರು ಹೆಣ್ಣುಮಕ್ಕಳ ಹೆಸರನ್ನೂ ಬರೆಯಲು ಒಪ್ಪಿದ್ದಾರೆ.

ಇಂತಿ,
ನಿಮ್ಮ ಓದುಗಳು
ನವನಗರ, ಬಾಗಲಕೋಟೆ