ತಮಟೆಗೆ, ಎಡಗಿವಿಯಿಂದ

ಪ್ರಿಯ ತಮಟೆ,

ನಿನ್ನನ್ನು ತಲುಪಲು ಬೇರೆ ದಾರಿಗಳಿವೆ ಎಂದು ಗೊತ್ತು. ಆದರೆ ಖಾಸಗಿಯಾಗಿ ಕಳಿಸಿದ್ದಕ್ಕೆ ನೀನು ಎರಡು ನೀಲಿ ಗುರುತುಗಳ ಗೌರವ ಕೊಟ್ಟು ಮರೆತುಬಿಡುತ್ತೀಯ. ನಾಲ್ಕು ಜನರ ಮುಂದೆ ಕೇಳಿದರೆ ಉತ್ತರಿಸದೆ ವಿಧಿಯಿಲ್ಲ. ಆದ್ದರಿಂದ ಈ ಬಹಿರಂಗ ಪತ್ರ. ಓದುವ ಉಳಿದವರಿಗೆ ಒಂದು ಮಾತು: ಇವನು ಈಗ ಹ್ಯಾಂಬರ್ಗಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗಂಭೀರವಾಗಿ ಓಡಾಡುತ್ತಾನೆ. ನಂಬಬೇಡಿ. ಹಾಸ್ಟೆಲ್ಲಿನ ಊಟದ ಮೇಜನ್ನು ಎರಡು ಚಮಚಗಳಿಂದ ಬಡಿದು ಸೀಳಿದ ಮಹಾನುಭಾವ ಇವನೇ.

ವಿಷಯ ಇಷ್ಟು. ಹೋದ ತಿಂಗಳು ಮೈಸೂರಿಗೆ ಹೋಗಿ ಕಿವಿ ತೋರಿಸಿಕೊಂಡು ಬಂದೆ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, ಅಲ್ಲಿ. ಹೆಂಡತಿಯ ಒತ್ತಾಯ. ಟಿವಿಯ ದನಿಯ ಬಗ್ಗೆ ನಮ್ಮಿಬ್ಬರ ನಡುವೆ ನಡೆಯುತ್ತಿದ್ದ ಮಾತುಕತೆ ಈಚೆಗೆ ಅಕ್ಕಪಕ್ಕದವರಿಗೂ ಬಾಯಿಪಾಠವಾಗಿತ್ತು. ಶಬ್ದ ನುಸುಳದ ಪುಟ್ಟ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ತೊಡಿಸಿ, ಕೈಗೆ ಒಂದು ಗುಂಡಿ ಕೊಟ್ಟು, ಸದ್ದು ಕೇಳಿದಾಗಲೆಲ್ಲ ಒತ್ತಿ ಎಂದರು. ನಾನು ಆಗಾಗ ಸುಮ್ಮನೆ ಒತ್ತಿದೆ. ಪರೀಕ್ಷೆ ಎಂದರೆ ಊಹೆಯ ಮೇಲೆ ಉತ್ತರ ಬರೆಯುವ ಅಭ್ಯಾಸ ಇಂಜಿನಿಯರಿಂಗ್ ಕಾಲದಿಂದ ಬಂದದ್ದು. ನಿನಗೆ ಹೊಸದಾಗಿ ಹೇಳಬೇಕಿಲ್ಲ.

ಹೊರಬಂದಾಗ ಪರೀಕ್ಷೆ ಮಾಡಿದ ಹುಡುಗಿ ಒಂದು ನಕ್ಷೆ ತೋರಿಸಿದಳು. ಕೆಂಪು ಸೊನ್ನೆಗಳು ಬಲಗಿವಿಗೆ, ನೀಲಿ ಇಂಟುಗಳು ಎಡಗಿವಿಗೆ. ಎಡದಿಂದ ಬಲಕ್ಕೆ ನೆಟ್ಟಗೆ ಬರುತ್ತಿದ್ದ ನೀಲಿ ಗೆರೆ ಎತ್ತರದ ಕಂಪನಗಳಿರುವ 4000 ಹರ್ಟ್ಸ್ ಹತ್ತಿರ ಧೊಪ್ಪನೆ ಹಳ್ಳಕ್ಕೆ ಬಿದ್ದು ಆಮೇಲೆ ಕೊಂಚ ಏಳುತ್ತಿತ್ತು. "ಕಾರ್ಖಾನೆಯಲ್ಲಿ ಕೆಲಸವೇ?" ಎಂದಳು. ಇಲ್ಲ. "ಜನರೇಟರ್ ಪಕ್ಕ? ಗಣಿ? ಪಟಾಕಿ ಸಿಡಿದದ್ದು?" ಇಲ್ಲ, ಇಲ್ಲ, ಇಲ್ಲ. ಗದ್ದಲದಿಂದ ಕೆಟ್ಟ ಕಿವಿಯ ಗೆರೆ ಹೆಚ್ಚಾಗಿ ಇದೇ ಜಾಗದಲ್ಲಿ ಕುಸಿಯುತ್ತದಂತೆ. ಕೊನೆಗೆ, "ಜೋರಾದ ಸಂಗೀತ?" ಎಂದಳು. ನಿಮ್ಮ ಬಳಿ ಎಷ್ಟು ಹೊತ್ತಿದೆ ಎಂದು ಕೇಳಿದೆ.

ತಮಟೆ, ನಮ್ಮ ಯೌವನವನ್ನು ನಾನು ರೋಗಚರಿತ್ರೆಯಾಗಿ ಹೇಳಿದ್ದು ಅದೇ ಮೊದಲು.

2003ರಿಂದ ಶುರುಮಾಡಿದೆ. ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಅರಮನೆ ಮೈದಾನಕ್ಕೆ ಬಂದಾಗ ನಮ್ಮ ಬಳಿ ಟಿಕೆಟ್ಟಿಗೆ ಕಾಸಿರಲಿಲ್ಲ. ಗೋಡೆಯ ಆಚೆ ನಿಂತು ಕೇಳಿದೆವು. ಕಡಲೆಕಾಯಿ ಮಾರುವವನು "ಯಾರ ಮದುವೆ ಆರ್ಕೆಸ್ಟ್ರಾ?" ಎಂದದ್ದಕ್ಕೆ ನೀನು "ಹುಡುಗನ ಕಡೆಯವರದು" ಎಂದೆ. ಹುಡುಗಿ ಇದನ್ನು ಬರೆದುಕೊಳ್ಳಲಿಲ್ಲ. ಗೋಡೆಯಾಚೆಯದ್ದು ಲೆಕ್ಕಕ್ಕಿಲ್ಲವಂತೆ.

ಲೆಕ್ಕಕ್ಕಿರುವುದು 2007ರ ಮಾರ್ಚ್ 17. ಈ ದಿನಾಂಕವನ್ನು ನಾನು ಮದುವೆಯ ದಿನಾಂಕಕ್ಕಿಂತ ಬೇಗ ಹೇಳಬಲ್ಲೆ, ಹೇಳಿ ಬೈಸಿಕೊಂಡೂ ಇದ್ದೇನೆ. ಇಂಗ್ಲೆಂಡಿನ ಹೆವಿ ಮೆಟಲ್ ತಂಡ ಐರನ್ ಮೇಡನ್ ಮೊದಲ ಸಲ ಭಾರತಕ್ಕೆ ಬಂದದ್ದು, ಬಂದದ್ದು ಬೆಂಗಳೂರಿಗೆ. ಅಲ್ಲಿಯವರೆಗೆ ನಮಗೆ ಅವರು ಎಂದರೆ ಯಾರೋ ಯಾರಿಂದಲೋ ನಕಲು ಮಾಡಿಕೊಟ್ಟ ಕ್ಯಾಸೆಟ್ಟು, ಬ್ರಿಗೇಡ್ ರಸ್ತೆಯ ಆಸುಪಾಸಿನಲ್ಲಿ ಕೊಂಡ, ಮೂರನೇ ಒಗೆತಕ್ಕೆ ತಂಡದ ಲಾಂಛನವಾದ ಭೂತ ಎಡ್ಡಿಯ ಮೂತಿ ಉದುರಿಹೋಗುವ ಕಪ್ಪು ಟೀ ಶರ್ಟು. ಮೇಖ್ರಿ ವೃತ್ತದಲ್ಲಿ ಬಸ್ಸಿಳಿದಾಗ ಕಂಡ ಜನ! ಗುವಾಹಟಿಯಿಂದ, ಶಿಲ್ಲಾಂಗ್‌ನಿಂದ ದಿನಗಟ್ಟಲೆ ರೈಲಿನಲ್ಲಿ ಕೂತು ಬಂದವರಿದ್ದರು. ಅಷ್ಟೊಂದು ಕಪ್ಪಂಗಿಯವರನ್ನು ಒಟ್ಟಿಗೆ ಕಂಡು ನನಗೆ ನಿಜಕ್ಕೂ ಗಾಬರಿಯಾಯಿತು. ನಾವಿಬ್ಬರೇ ವಿಚಿತ್ರ ಪ್ರಾಣಿಗಳು ಎಂಬ ಹೆಮ್ಮೆ ಅಲ್ಲಿಗೆ ಮುಗಿಯಿತಲ್ಲ.

ಮೊದಲು ದೆಹಲಿಯ ಪರಿಕ್ರಮಾ ತಂಡದವರು ನುಡಿಸಿದರು. ಪಿಟೀಲು ಇಟ್ಟುಕೊಂಡು ರಾಕ್ ನುಡಿಸುವವರನ್ನು ನೀನು ಮೊದಲು ಗೇಲಿ ಮಾಡಿ ಆಮೇಲೆ ಬಾಯಿ ಮುಚ್ಚಿಕೊಂಡೆ. ಆ ವರ್ಷವೇ ಅವರು ಇಂಗ್ಲೆಂಡಿನ ಡೌನ್‌ಲೋಡ್ ಉತ್ಸವದಲ್ಲೂ ನುಡಿಸಿದರು. ಬಳಿಕ ಮೇಡನ್‌ನ ಬಾಸ್ ವಾದಕ ಸ್ಟೀವ್ ಹ್ಯಾರಿಸ್‌ನ ಮಗಳು ಲಾರೆನ್ ಹಾಡಿದಳು. ಅಷ್ಟು ಹೊತ್ತಿಗೆ ನೀನು ನನ್ನ ತೋಳು ಹಿಡಿದೆಳೆದು ಜನರ ಮಧ್ಯೆ ನುಗ್ಗಿ ನುಗ್ಗಿ, ಎಡಬದಿಯ ಸ್ಪೀಕರ್ ಗೋಪುರದ ಬುಡಕ್ಕೆ ತಂದು ನಿಲ್ಲಿಸಿದ್ದೆ. "ಬಾಸ್ ಎದೆಗೆ ತಾಕಬೇಕು" ಎಂಬುದು ನಿನ್ನ ಸಿದ್ಧಾಂತ. ತಾಕಿತು. ಅಂಗಿ ಗಾಳಿಯಿಲ್ಲದೆ ಅಲುಗುತ್ತಿತ್ತು. ಮೇಡನ್‌ನ ಗಾಯಕ ಬ್ರೂಸ್ ಡಿಕಿನ್ಸನ್ ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡುತ್ತಿದ್ದ. ಆಗ ಅವನಿಗೆ 48. ಈ ವಯಸ್ಸಿನಲ್ಲೂ ಹೇಗೆ ಓಡುತ್ತಾನೆ ನೋಡು ಈ ಮುದುಕ ಎಂದು ನಾವು ಮಾತಾಡಿಕೊಂಡದ್ದು ನೆನಪಿದೆಯೇ? ನನಗಂತೂ ಈಚೆಗೆ ಮೆಟ್ಟಿಲು ಹತ್ತುವಾಗಲೆಲ್ಲ ನೆನಪಾಗುತ್ತದೆ.

ಅದೇ ರಾತ್ರಿ ವೆಸ್ಟ್ ಇಂಡೀಸ್‌ನಲ್ಲಿ ವಿಶ್ವಕಪ್. ಭಾರತಕ್ಕೆ ಬಾಂಗ್ಲಾದೇಶ ಎದುರಾಳಿ, ನಮ್ಮ ದ್ರಾವಿಡ್ ನಾಯಕ. ಎರಡು ಹಾಡುಗಳ ನಡುವಿನ ಕತ್ತಲಲ್ಲಿ ಅಲ್ಲೊಂದು ಇಲ್ಲೊಂದು ಮೊಬೈಲ್ ಹೊತ್ತಿಕೊಂಡು, ಯಾರೋ ವಿಕೆಟ್ಟು ಕೂಗಿ, ಅದು ಗಾಳಿಸುದ್ದಿಯೋ ನಿಜವೋ ಗೊತ್ತಾಗುವ ಮೊದಲೇ ಗಿಟಾರು ಶುರುವಾಗುತ್ತಿತ್ತು. ನಿನ್ನ ಕೋಣೆಗೆ ಮರಳಿ ಟಿವಿ ಹಾಕಿದಾಗ ನಾವು 191ಕ್ಕೆ ಗಂಟುಮೂಟೆ ಕಟ್ಟಿಯಾಗಿತ್ತು, ಬಾಂಗ್ಲಾದ ಹುಡುಗರು ಬಾರಿಸುತ್ತಿದ್ದರು. ದನಿ ಬರುತ್ತಿಲ್ಲವೆಂದು ನೀನು ರಿಮೋಟಿನ ಗುಂಡಿ ಒತ್ತುತ್ತಲೇ ಹೋದೆ. ಮಾಲೀಕರು ಪಂಚೆ ಎತ್ತಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತು ಬಾಯಿ ಆಡಿಸಿದರು. ಅವರು ಬೈಯುತ್ತಿದ್ದಾರೆ ಎಂಬುದು ಕೈಗಳಿಂದ ಗೊತ್ತಾಯಿತು. ಟಿವಿಯ ದನಿ ತುದಿಯಲ್ಲಿತ್ತು, ಕೇಳದಿದ್ದದ್ದು ನಮಗೆ. ಭಾರತ ಐದು ವಿಕೆಟ್‌ಗಳಿಂದ ಸೋತದ್ದನ್ನು ನಾವು ಮೂಕಿಚಿತ್ರವಾಗಿ ನೋಡಿದೆವು, ನಗುತ್ತ. ಜೀವನದಲ್ಲಿ ಇಷ್ಟು ಸುಖವಾಗಿ ಸೋತ ಇನ್ನೊಂದು ಪಂದ್ಯ ನನಗೆ ಗೊತ್ತಿಲ್ಲ.

ಆ ಮಂಕು ಒಂದೆರಡು ದಿನದಲ್ಲಿ ಇಳಿಯಿತು. ಇಳಿದದ್ದು ಅಷ್ಟಿಷ್ಟು, ಪೂರ್ತಿ ಅಲ್ಲ ಎನ್ನುವುದು ಈಗ ಬಂದ ತೀರ್ಪು. ಒಳಗಿವಿಯಲ್ಲಿ ಸುರುಳಿ ಸುತ್ತಿದ ನಾಳವಿದೆ. ಅದರಲ್ಲಿ ಪ್ರತಿ ಕಿವಿಗೆ ಸದ್ದು ಹಿಡಿಯುವ ಸುಮಾರು 15 ಸಾವಿರ ರೋಮಕೋಶಗಳು. ಗದ್ದಲಕ್ಕೆ ಮೊದಲು ಬಾಗುತ್ತವೆ, ವಿಶ್ರಾಂತಿ ಸಿಕ್ಕರೆ ಏಳುತ್ತವೆ, ಬಾರಿ ಬಾರಿ ಬಡಿದರೆ ಸಾಯುತ್ತವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ಕೋಳಿಗೆ ಹುಟ್ಟುತ್ತವಂತೆ! ಹಕ್ಕಿಗಳಿಗಿರುವ ಈ ಭಾಗ್ಯ ಮನುಷ್ಯನಿಗಿಲ್ಲ. ಅಂದಿನಿಂದ ನಾನು ಚಿಕನ್ ತಿನ್ನುವಾಗ ಒಂದು ಬಗೆಯ ಅಸೂಯೆಯಿಂದಲೇ ತಿನ್ನುತ್ತಿದ್ದೇನೆ.

ಲೆಕ್ಕವೂ ಇದೆ. 85 ಡೆಸಿಬಲ್ ಆದರೆ ದಿನಕ್ಕೆ 8 ಗಂಟೆ ತಡೆದೀತು. ಆಮೇಲೆ ಪ್ರತಿ 3 ಡೆಸಿಬಲ್ ಏರಿದಂತೆ ಅವಧಿ ಅರ್ಧರ್ಧ. 100 ತಲುಪಿದರೆ ಕಾಲು ಗಂಟೆ. ಅಂದರೆ ನಮ್ಮ ಕಿವಿಯ ಆ ದಿನದ ಪಡಿ ಮೇಡನ್ ವೇದಿಕೆಗೆ ಬರುವ ಮೊದಲೇ ಖರ್ಚಾಗಿತ್ತು, ಉಳಿದದ್ದೆಲ್ಲ ಸಾಲ. ನಿನಗೆ ಡೆಸಿಬಲ್ ಎಂದರೆ ಶೌರ್ಯದ ಅಳತೆಯಾಗಿತ್ತು. 1976ರಲ್ಲಿ ದ ಹೂ ತಂಡದವರು ಲಂಡನ್ನಿನ ಚಾರ್ಲ್ಟನ್ ಮೈದಾನದಲ್ಲಿ 32 ಮೀಟರ್ ದೂರಕ್ಕೆ 126 ಡೆಸಿಬಲ್ ತಲುಪಿಸಿ ಗಿನ್ನೆಸ್ ಪುಸ್ತಕ ಸೇರಿದ್ದನ್ನು ನೀನು ಎಷ್ಟು ಸಲ ಹೇಳಿಲ್ಲ! ಗಿನ್ನೆಸ್‌ನವರು ಕಿವಿಗಳ ಮೇಲಿನ ಕರುಣೆಯಿಂದ ಆ ವಿಭಾಗವನ್ನೇ ಆಮೇಲೆ ಕೈಬಿಟ್ಟರು, ಅದೇ ತಂಡದ ಪೀಟ್ ಟೌನ್ಸೆಂಡ್ ಕಿವಿಮೊರೆತದಲ್ಲಿ ನರಳಿದ ಎಂಬುದನ್ನು ಮಾತ್ರ ಹೇಳಲಿಲ್ಲ. ಮೆಟಾಲಿಕಾದ ಲಾರ್ಸ್ ಉಲ್ರಿಚ್‌ಗೂ ಅದೇ ಕಾಟ. ಎಸಿ/ಡಿಸಿ ತಂಡದ ಗಾಯಕ ಬ್ರಯನ್ ಜಾನ್ಸನ್ 2016ರಲ್ಲಿ ಕಿವಿಯ ದೆಸೆಯಿಂದ ಪ್ರವಾಸವನ್ನು ಅರ್ಧಕ್ಕೆ ಬಿಟ್ಟ. ದೊಡ್ಡವರ ಕಾಯಿಲೆಯೇ ನನಗೂ ಬಂದಿದೆ ಎಂದು ಹೆಂಡತಿಗೆ ಹೇಳಿದೆ. ಆಕೆಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಉಳಿದ ಪಟ್ಟಿಯನ್ನು ಹುಡುಗಿಗೆ ಬೇಗ ಒಪ್ಪಿಸಿದೆ. 2008ರಲ್ಲಿ ಮೆಗಾಡೆತ್. 2009ರಲ್ಲಿ ಮತ್ತೆ ಮೇಡನ್. 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ; ಎರಡು ದಿನ ಮುಂಚೆ ಗುರುಗಾಂವ್‌ನಲ್ಲಿ ನಡೆಯಬೇಕಿದ್ದದ್ದು ರದ್ದಾಗಿ, ಜನ ವೇದಿಕೆಯನ್ನೇ ಕಿತ್ತುಹಾಕಿದ್ದರು. ಇಲ್ಲಿಯೂ ಹಾಗೇ ಆದೀತೆಂದು ನಾವು ಉಗುರು ಕಚ್ಚುತ್ತ ಹೋದರೆ ಮಳೆ ಸುರಿದು ಅರಮನೆ ಮೈದಾನ ನಾಟಿಗೆ ಸಿದ್ಧವಾಗಿತ್ತು. ನಿನ್ನ ಒಂದು ಬೂಟು ಅಲ್ಲೇ ಎಲ್ಲೋ ಇದೆ. ಗೋಡಂಬಿ ಪ್ರಕರಣ ನಡೆದದ್ದೂ ಅಂದೇ. ಇಲ್ಲಿ ಬರೆಯುವುದಿಲ್ಲ, ಮಾವನವರೂ ಓದುತ್ತಾರೆ. 2012ರ ಅಕ್ಟೋಬರ್‌ನಲ್ಲಿ ಸ್ಲೇಯರ್, ಗಿಟಾರಿಸ್ಟ್ ಜೆಫ್ ಹ್ಯಾನೆಮನ್ ಇಲ್ಲದ ಸ್ಲೇಯರ್; ಮುಂದಿನ ಮೇ ತಿಂಗಳಲ್ಲಿ ಅವನು ತೀರಿಯೇ ಹೋದ. 2012ರ ಡಿಸೆಂಬರ್‌ನಲ್ಲೇ ಗನ್ಸ್ ಎನ್ ರೋಸಸ್, ಅದೂ ಗಿಟಾರಿಸ್ಟ್ ಸ್ಲ್ಯಾಷ್ ಇಲ್ಲದ್ದು. ಹೆಣ್ಣೂರು ಕಡೆಯ ಬಸ್ಸಿನಲ್ಲಿ ನಮ್ಮ ಕಪ್ಪು ಬಟ್ಟೆ, ಗಡ್ಡ ನೋಡಿ ಹಿರಿಯರೊಬ್ಬರು "ಕೂತುಕೊಳ್ಳಿ ಸ್ವಾಮಿ, ಎಷ್ಟನೇ ಮಾಲೆ?" ಎಂದು ಎದ್ದು ಜಾಗ ಬಿಟ್ಟರು. ನೀನು ನಾಚಿಕೆಯಿಲ್ಲದೆ ಕೂತೆ. ಕೂತು ಆಶೀರ್ವಾದವನ್ನೂ ಮಾಡಿದೆ.

ಅದೇ ನಾವು ಒಟ್ಟಿಗೆ ನೋಡಿದ ಕೊನೆಯದ್ದು. ಆಮೇಲೆ ನೀನು ವಿಮಾನ ಹತ್ತಿದೆ. 2013ರಲ್ಲಿ ನಮ್ಮ ಬೆಂಗಳೂರಿನ ಕ್ರಿಪ್ಟೋಸ್ ತಂಡದ ಹುಡುಗರು ಜರ್ಮನಿಯ ವಾಕನ್ ಮೆಟಲ್ ಉತ್ಸವದಲ್ಲಿ ನುಡಿಸಿದಾಗ ಅಲ್ಲಿಂದಲೇ ಫೋನ್ ಮಾಡಿ ಸುಮ್ಮನೆ ಫೋನನ್ನು ಮೇಲೆತ್ತಿ ಹಿಡಿದಿದ್ದೆ. ನನಗೆ ಕೇಳಿದ್ದು ಬರೀ ಗೊರಗೊರ. ಆದರೂ ಕೊನೆಯವರೆಗೆ ಇಡಲಿಲ್ಲ.

ಈಗ ಫೋನಿನ ಮಾತಿಗೇ ಬರುತ್ತೇನೆ. ಇದನ್ನು ಬರೆಯಬೇಕೆಂದು ಕೂತಿರಲಿಲ್ಲ.

ಎತ್ತರದ ಕಂಪನಗಳು ಹೋದರೆ ಮಾತಿನಲ್ಲಿ ಮೊದಲು ಕಾಣೆಯಾಗುವುದು ವ್ಯಂಜನಗಳು. ಸ, ಶ, ತ, ಪ ಇವೆಲ್ಲ ಸವೆದು, ಸ್ವರಗಳಷ್ಟೇ ದಾಟಿ ಬರುತ್ತವೆ. ಯಾರೋ ಮಾತಾಡುತ್ತಿದ್ದಾರೆ, ಏನೆಂದು ಗೊತ್ತಿಲ್ಲ. ಪ್ರತಿ ಸಲ "ಏನು, ಏನು?" ಎನ್ನಲು ನಾಚಿಕೆ. ಹಾಗಾಗಿ ನಾನು ಒಂದು ನಗು ರೂಢಿಸಿಕೊಂಡಿದ್ದೇನೆ. ಸಭೆಯಲ್ಲಿ, ಮದುವೆ ಮನೆಯಲ್ಲಿ, ಮಗಳು ಕಿವಿಯ ಹತ್ತಿರ ಬಂದು ಗುಟ್ಟು ಹೇಳಿದಾಗ, ಎಲ್ಲದಕ್ಕೂ ಅದೇ ನಗು. ಹೆಚ್ಚಿನ ಕಡೆ ನಡೆದುಹೋಗುತ್ತದೆ. ಜನ ಹೇಳುವುದರಲ್ಲಿ ಬಹುಪಾಲಿಗೆ ನಕ್ಕರೆ ಸಾಕು.

ಯುಗಾದಿಯಾದ ಮೇಲೆ ಒಂದು ರಾತ್ರಿ ನೀನು ಫೋನ್ ಮಾಡಿದ್ದೆ. ಅದೂ ಇದೂ ಮಾತಾಡಿದ ಮೇಲೆ ದನಿ ತಗ್ಗಿಸಿ ಏನೋ ಹೇಳಿದೆ. ನಾನು ನಕ್ಕೆ. ನೀನು ಸುಮ್ಮನಾದೆ. "ಸರಿ, ಇಡುತ್ತೇನೆ" ಎಂದೆ. ಅದು ಸ್ಪಷ್ಟವಾಗಿ ಕೇಳಿಸಿತು. ಅಲ್ಲಿಂದ ಈಚೆಗೆ ನಮ್ಮ ನಡುವೆ ಹಬ್ಬದ ಶುಭಾಶಯಗಳು ಮಾತ್ರ ಓಡಾಡುತ್ತಿವೆ.

ನೀನು ಹೇಳಿದ್ದೇನು ಎಂದು ನನಗೆ ಇಂದಿಗೂ ಗೊತ್ತಿಲ್ಲ. ಮನೆಯದ್ದೋ, ಕೆಲಸದ್ದೋ, ನಿನ್ನ ಅಪ್ಪನದ್ದೋ. ಮೈಸೂರಿನಿಂದ ಬರುವಾಗ ನಕ್ಷೆಯನ್ನು ತೊಡೆಯ ಮೇಲಿಟ್ಟುಕೊಂಡು, ಸಿಕ್ಕಿತಲ್ಲ ಕಾರಣ ಎಂದು ಸಮಾಧಾನಪಟ್ಟೆ. ನೋಡು, ನಾನಲ್ಲ, 4000 ಹರ್ಟ್ಸು. ಮದ್ದೂರು ದಾಟುವವರೆಗೆ ಆ ಸಮಾಧಾನ ಇತ್ತು. ವ್ಯಂಜನಗಳು ಬರದಿದ್ದರೇನು, ದನಿಯ ಭಾರ ಬಂದಿತ್ತಲ್ಲ. ದನಿ ಇಳಿದದ್ದು, ನಡುವೆ ತಡೆದದ್ದು, ಇವು ಕೆಳಗಿನ ಕಂಪನಗಳು. ಅವನ್ನು ನನ್ನ ಕಿವಿ ಈಗಲೂ ಪೂರಾ ಹಿಡಿಯುತ್ತದೆ, ನಕ್ಷೆಯಲ್ಲೇ ಇದೆ. ಏನೋ ತೂಕದ್ದು ಬರುತ್ತಿದೆ ಎಂದು ಗೊತ್ತಾಗಿಯೇ ನಾನು ನಕ್ಕದ್ದಿರಬಹುದು. ಕೇಳಿಸದಿರುವುದು ಈಚಿನ ವರ್ಷಗಳಲ್ಲಿ ನನಗೆ ಬಹಳ ಅನುಕೂಲವಾಗಿದೆ, ತಮಟೆ. ಎಷ್ಟು ಅನುಕೂಲವೆಂದರೆ, ನಿಜವಾಗಿ ಕೇಳಿಸದ್ದು ಯಾವುದು, ಬಿಟ್ಟದ್ದು ಯಾವುದು ಎಂದು ನನಗೇ ಈಗ ಬೇರ್ಪಡಿಸಲು ಬರುವುದಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಎಡಗಿವಿಯಲ್ಲಿ ತಂಬೂರಿಯ ಒಂದೇ ತಂತಿ ಮೀಟುತ್ತಿರುತ್ತದೆ. ಅದು ನಿಲ್ಲಲಿ ಎಂದು ಬೇಡಿಕೊಳ್ಳುವುದನ್ನೂ ಬಿಟ್ಟಿದ್ದೇನೆ, ನಿಂತರೆ ಬೇರೇನು ಕೇಳಿಸೀತೋ ಎಂದು.

ಸಾಕು. ಇದು ಬಹಿರಂಗ ಪತ್ರ ಎಂಬುದೇ ಮರೆತುಹೋಯಿತು. ಮಾವನವರೇ, ಆರೋಗ್ಯವೇ?

ಒಳ್ಳೆಯ ಸುದ್ದಿ ಹೇಳುತ್ತೇನೆ. ಸಂಗೀತಗಾರರು ಹಾಕಿಕೊಳ್ಳುವ ಇಯರ್‌ಪ್ಲಗ್ ಕೊಂಡಿದ್ದೇನೆ. ಎಲ್ಲ ಕಂಪನಗಳನ್ನೂ ಸಮನಾಗಿ ತಗ್ಗಿಸುತ್ತದೆ, ಹತ್ತಿ ತುರುಕಿದ ಹಾಗೆ ಮಂಕಾಗಿಸುವುದಿಲ್ಲ. ಗಣೇಶನ ಮೆರವಣಿಗೆಯಲ್ಲಿ ಪ್ರಯೋಗ ಮಾಡಿದೆ, ಡಿಜೆಯ ಮುಂದೆ ಸನ್ಯಾಸಿಯ ಮುಖ ಮಾಡಿಕೊಂಡು ನಿಂತೆ. ನಿನಗೂ ಒಂದು ಜೊತೆ ತೆಗೆದಿಟ್ಟಿದ್ದೇನೆ, ಹಸಿರು ಬಣ್ಣದ್ದು. ನೀನು ಬಂದಾಗ ಯಾರಾದರೂ ನುಡಿಸುತ್ತಿದ್ದರೆ ಹೋಗೋಣ. ಹಿಂದೆ, ಧ್ವನಿ ಮಿಶ್ರಣದ ಕಟ್ಟೆಯ ಬಳಿ, ಕೈಕಟ್ಟಿಕೊಂಡು ನಿಲ್ಲುವ ಅಂಕಲ್‌ಗಳ ಸಾಲಿನಲ್ಲಿ ಜಾಗ ಮಾಡಿಸುತ್ತೇನೆ. ಅಲ್ಲೇ ಸದ್ದು ಅತ್ಯುತ್ತಮವಾಗಿ ಕೇಳುತ್ತದಂತೆ. ಇಪ್ಪತ್ತೆರಡರ ವಯಸ್ಸಿನಲ್ಲಿ ಇದನ್ನು ಯಾರಾದರೂ ಹೇಳಿದ್ದರೆ ನಾವು ಅವರಿಗೆ ಕುರ್ಚಿ ತಂದುಕೊಟ್ಟು ಕಾಲಿಗೆ ಬಿದ್ದು ಗೇಲಿ ಮಾಡುತ್ತಿದ್ದೆವು.

ಅಂದು ಹೇಳಿದ್ದನ್ನು ಇನ್ನೊಮ್ಮೆ ಹೇಳು. ಬರೆದು ಕಳಿಸಿದರೂ ಆದೀತು, ಫೋನ್ ಮಾಡಿದರೂ ಆದೀತು. ಮಾಡುವುದಾದರೆ ಬಲಗಿವಿಗೆ ಮಾಡು, ನಿಧಾನವಾಗಿ ಮಾತಾಡು, ಗೊಗ್ಗರು ದನಿಯಲ್ಲಿ ಮಾತ್ರ ಬೇಡ. ನಿನ್ನ ಗ್ರೋಲ್ ನನ್ನ ಕಿವಿ ನೆಟ್ಟಗಿದ್ದ ಕಾಲದಲ್ಲೂ ಒಂದಕ್ಷರ ಅರ್ಥವಾಗಿದ್ದಿಲ್ಲ.

ಇಂತಿ,
ನಿನ್ನ ಮಾಲೆ ಸ್ವಾಮಿ

ಮರೆತಿದ್ದೆ: 2009ರ ಟಿಕೆಟ್ಟಿನ ಹಣ ಇನ್ನೂ ಬಂದಿಲ್ಲ. ಯೂರೋದಲ್ಲೂ ಸ್ವೀಕರಿಸಲಾಗುತ್ತದೆ.