ಥರ್ಮಾಕೋಲಿಗೆ ಸ್ಪ್ರೇ ಹೊಡೆಯುವ ಮುನ್ನ

ಮಾನ್ಯ ಸಂಪಾದಕರೇ,

ಪುಟ್ಟ ಗೊಂಬೆ ಯೋಧರನ್ನು ಮೇಜಿನ ಮೇಲೆ ಆಡಿಸುವ ಮಿನಿಯೇಚರ್ ಯುದ್ಧದಾಟಗಳಿಗೆ ಮನೆಯಲ್ಲೇ ಟೆರೇನ್, ಅಂದರೆ ಗೋಡೆ, ಪೀಪಾಯಿಯಂಥ ರಣರಂಗದ ಸಾಮಾನು, ಮಾಡಿಕೊಳ್ಳುವ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿ ಸಂತೋಷವಾಯಿತು. ಕನ್ನಡದಲ್ಲಿ ಈ ಹವ್ಯಾಸದ ಬಗ್ಗೆ ಬರೆಯುವವರು ಕಡಿಮೆ. ಆದರೆ ಅದರಲ್ಲಿನ ಎರಡು ಸಲಹೆಗಳನ್ನು ತಿದ್ದಲೇಬೇಕು. ಥರ್ಮಾಕೋಲ್ ಗೋಡೆಗೆ ನೇರವಾಗಿ ಸ್ಪ್ರೇ ಪೇಂಟ್ ಹೊಡೆಯಿರಿ ಎಂದಿರುವುದು ಒಂದು. ಹಳೆಯ ಕಂಪ್ಯೂಟರಿನ ಪವರ್ ಸಪ್ಲೈ ಬಿಚ್ಚಿ, ಟೆರೇನ್ ಮಾಡಲು ಬಿಡಿಭಾಗ ತೆಗೆಯಿರಿ ಎಂದಿರುವುದು ಇನ್ನೊಂದು. ಮೊದಲನೆಯದರಿಂದ ಕೆಲಸ ಕೆಡುತ್ತದೆ, ಎರಡನೆಯದರಿಂದ ಜೀವಕ್ಕೇ ಅಪಾಯ.

ಥರ್ಮಾಕೋಲ್ ಎಂದರೆ ಉಬ್ಬಿಸಿದ ಪಾಲಿಸ್ಟೈರೀನ್. ಅದರೊಳಗೆ ಬಹುಪಾಲು ಇರುವುದು ಗಾಳಿ. ಸ್ಪ್ರೇ ಡಬ್ಬಿಯ ಅಸಿಟೋನ್‌ನಂಥ ದ್ರಾವಕ ತಗುಲಿದರೆ ಪಾಲಿಸ್ಟೈರೀನ್ ಕರಗಿ, ಗಾಳಿ ಹೊರಟುಹೋಗಿ, ಗೋಡೆ ಕುಸಿದು ಗುಂಡಿ ಬೀಳುತ್ತದೆ. ಫೆವಿಕ್ವಿಕ್ ಹಾಕಿದರೂ ಇದೇ ಕತೆ. ಥರ್ಮಾಕೋಲ್ ಬಳಸಲೇಬೇಕೆಂದರೆ ಎರಡು ಪಾಲು ಕಪ್ಪು ಅಕ್ರಿಲಿಕ್ ಬಣ್ಣ, ಒಂದು ಪಾಲು ಫೆವಿಕಾಲ್, ಹರಿಯುವಷ್ಟು ನೀರು ಕಲಸಿ ಬ್ರಶ್‌ನಿಂದ ಎರಡು ಕೋಟ್ ಬಳಿಯಿರಿ. ಮೊದಲ ಕೋಟ್ ಒಂದು ರಾತ್ರಿ ಒಣಗಲಿ. ಕಾಳುಗಳ ನಡುವಿನ ಸಂದು, ತಳದ ಅಂಚು ಬಿಟ್ಟುಹೋಗಬಾರದು. ಆ ಕಪ್ಪು ಕೋಟೇ ಪ್ರೈಮರ್ (ಬಣ್ಣದ ಕೆಳಗಿನ ಮೊದಲ ಲೇಪ) ಆಗುತ್ತದೆ, ಅದರ ಮೇಲೂ ಸ್ಪ್ರೇ ಬೇಡ.

ಪವರ್ ಸಪ್ಲೈ ವಿಷಯ ಇದಕ್ಕಿಂತ ಗಂಭೀರ. ಅದರೊಳಗೆ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್‌ಗಳು 300 ವೋಲ್ಟ್‌ಗೂ ಮೇಲೆ ಚಾರ್ಜ್ ಆಗಿರುತ್ತವೆ. ಪ್ಲಗ್ ಕಿತ್ತ ಮೇಲೂ ಆ ಚಾರ್ಜ್ ಉಳಿದಿರಬಹುದು. ಹಳೆಯ ಪಿಕ್ಚರ್ ಟ್ಯೂಬ್ ಟಿವಿ, ಮೈಕ್ರೋವೇವ್ ಓವನ್ ಕೂಡ ಹವ್ಯಾಸಿಗಳು ಬಿಚ್ಚುವ ವಸ್ತುಗಳಲ್ಲ. ಲಿಥಿಯಂ ಬ್ಯಾಟರಿಯನ್ನು ಪೀಪಾಯಿ ಮಾಡಲು ಹೋಗಬೇಡಿ. ಲೇಸರ್ ಪ್ರಿಂಟರಿನ ಟೋನರ್ ಡಬ್ಬಿ ಒಡೆದರೆ ಪುಡಿ ಮೂಗಿಗೆ ಹೋಗುತ್ತದೆ. ಸರ್ಕ್ಯೂಟ್ ಬೋರ್ಡ್ ಗರಗಸದಲ್ಲಿ ಕೊಯ್ದರೆ ಗಾಜಿನ ನಾರಿನ ಧೂಳು, ಬೆಸುಗೆಯಲ್ಲಿ ಸೀಸವಿದ್ದರೆ ಅದೂ ಏಳುತ್ತದೆ. ಇವನ್ನೆಲ್ಲ ಬಿಟ್ಟರೂ ಕೀಬೋರ್ಡ್, ಮೌಸ್, ಇಂಕ್‌ಜೆಟ್ ಪ್ರಿಂಟರಿನ ಹಲ್ಲುಚಕ್ರ, ಸ್ವಿಚ್ ಪ್ಲೇಟ್, ಸ್ಕೆಚ್ ಪೆನ್, ಮಾತ್ರೆ ಡಬ್ಬಿ ಇದ್ದೇ ಇವೆ. ಗುಜರಿ ಅಂಗಡಿಯ ಒಂದು ಚೀಲದಲ್ಲಿ ಇಡೀ ಮೇಜಿಗೆ ಸಾಕಾಗುವಷ್ಟು ಸಿಗುತ್ತದೆ.

ಆಟ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. 1987ರಲ್ಲಿ ಇಂಗ್ಲೆಂಡಿನಲ್ಲಿ ಬಂದ ವಾರ್‌ಹ್ಯಾಮರ್ 40,000, ಎರಡನೇ ಮಹಾಯುದ್ಧದ ಬೋಲ್ಟ್ ಆಕ್ಷನ್ ಮುಂತಾದ ಆಟಗಳಲ್ಲಿ ಬೆರಳುದ್ದಕ್ಕೂ ಕಡಿಮೆಯ ಯೋಧರು ಮೇಜಿನ ಮೇಲೆ ಇಂಚುಪಟ್ಟಿಯ ಲೆಕ್ಕದಲ್ಲಿ ನಡೆಯುತ್ತಾರೆ, ದಾಳ ಉರುಳಿಸಿ ಗುಂಡು ಹಾರಿಸುತ್ತಾರೆ. ಅವರು ಮರೆ ಪಡೆಯಲು ಅಲ್ಲಲ್ಲಿ ಇಡುವ ಪೀಪಾಯಿ, ಪೆಟ್ಟಿಗೆ, ಮರಳು ಮೂಟೆ, ಮುರಿದ ಗೋಡೆ, ಪೈಪುಗಳೇ ಸ್ಕ್ಯಾಟರ್ ಟೆರೇನ್. ಮೇಜು ಬೋಳಾಗಿದ್ದರೆ ದೂರದಿಂದ ಗುಂಡು ಹಾರಿಸುವ ಪಡೆಯೇ ಹೆಚ್ಚಿನ ಸಲ ಗೆಲ್ಲುತ್ತದೆ. ಹೀಗಾಗಿ ಟೆರೇನ್ ಅಲಂಕಾರವಲ್ಲ, ಆಟದ ಅರ್ಧ ಭಾಗ. ಮನೆಯಲ್ಲಿ ಮಾಡಿದ ತುಣುಕುಗಳಲ್ಲಿ ಹೆಚ್ಚಿನವು ಸೋಲುವುದು ಬಣ್ಣದಲ್ಲಲ್ಲ, ಅಳತೆಯಲ್ಲಿ.

28 ಮಿ.ಮೀ. ಮಿನಿ (ಆಟದ ಪುಟ್ಟ ಯೋಧ) ಎಂದರೆ ಪಾದದಿಂದ ಕಣ್ಣಿನವರೆಗೆ 28 ಮಿ.ಮೀ. ಎಂದು ಸಾಮಾನ್ಯವಾಗಿ ಹಿಡಿಯುತ್ತಾರೆ. ಇದಕ್ಕೆ 1:56 ಅನುಪಾತ ಹತ್ತಿರ. ನಿಜವಾದ ವಸ್ತುವಿನ ಅಳತೆಯನ್ನು 56ರಿಂದ ಭಾಗಿಸಿದರೆ ಮೇಜಿನ ಅಳತೆ ಬರುತ್ತದೆ. ಡಾಂಬರು ಹಾಕುವ ಕಡೆ ಕಾಣುವ 200 ಲೀಟರ್ ಡ್ರಮ್ ಸುಮಾರು 58 ಸೆಂ.ಮೀ. ಅಗಲ, 88 ಸೆಂ.ಮೀ. ಎತ್ತರ. ಭಾಗಿಸಿದರೆ 10 ಮಿ.ಮೀ. ಅಗಲ, 16 ಮಿ.ಮೀ. ಎತ್ತರ. ಪುಟ್ಟ ಡ್ರಮ್ಮಿನ ಆಕಾರದ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳಲ್ಲಿ 10×16 ಎಂಬ ಅಳತೆಯೇ ಇದೆ! ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹೊಸದಾಗಿಯೇ ಸಿಗುತ್ತವೆ. 16 ಅಥವಾ 25 ವೋಲ್ಟ್‌ನವು ಸಾಕು. ಹಾಗಾಗಿ ಹಳೆಯ ಯಂತ್ರ ಬಿಚ್ಚುವ ಪ್ರಮೇಯವೇ ಇಲ್ಲ. ವಾರ್‌ಹ್ಯಾಮರ್ ಮಿನಿಗಳು ದಪ್ಪ, ಎತ್ತರ ಎರಡರಲ್ಲೂ ಹೆಚ್ಚು. ಅವುಗಳ ಪಕ್ಕಕ್ಕೆ 12.5×20 ಅಳತೆಯದು ಒಪ್ಪುತ್ತದೆ.

ಕೆಪಾಸಿಟರನ್ನು ಪೀಪಾಯಿ ಮಾಡುವುದು ಹೀಗೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಪ್ಲಾಸ್ಟಿಕ್ ಹೊದಿಕೆ ಸುಲಿಯಿರಿ, ಇಲ್ಲದಿದ್ದರೆ ಮುಂದೆ ಬಣ್ಣದ ಸಮೇತ ಸುಲಿದು ಬರುತ್ತದೆ. ಒಳಗಿನ ಅಲ್ಯೂಮಿನಿಯಂ ಡಬ್ಬಿಯನ್ನು 400 ನಂಬರ್ ಸ್ಯಾಂಡ್‌ಪೇಪರಿನಿಂದ ಹಗುರವಾಗಿ ಉಜ್ಜಿ. ತಲೆಯ ಮೇಲಿನ ಗೀರು ಗುರುತು ಮುಚ್ಚಲು ತೆಳು ಕಾರ್ಡಿನ 9 ಮಿ.ಮೀ. ಬಿಲ್ಲೆ ಅಂಟಿಸಿ. ಅದರ ಅಂಚಿನ ಹತ್ತಿರ ಫೆವಿಕಾಲಿನ ಒಂದು ಹನಿ ಇಟ್ಟರೆ ಬಿರಡೆಯಾಯಿತು. ಮೈಯನ್ನು ಮೂರು ಭಾಗ ಮಾಡಿ, ಎರಡು ಕಡೆ ಹೊಲಿಗೆ ದಾರ ಒಂದೊಂದು ಸುತ್ತು ಸುತ್ತಿ ಫೆವಿಕ್ವಿಕ್‌ನಲ್ಲಿ ಕೂರಿಸಿದರೆ ಡ್ರಮ್ಮಿನ ಪಟ್ಟಿಗಳು. ತಳದ ಎರಡು ಕಾಲುಗಳನ್ನು ಕತ್ತರಿಸಿ ಎಸೆಯಬೇಡಿ. ಅವುಗಳ ನಡುವೆ 5 ಮಿ.ಮೀ. ಅಂತರ ಇರುತ್ತದೆ. ಬೇಸಿನಲ್ಲಿ (ತುಣುಕನ್ನು ನಿಲ್ಲಿಸುವ ತಳಹಲಗೆ) ಅಷ್ಟೇ ಅಂತರಕ್ಕೆ 1 ಮಿ.ಮೀ. ತೂತು ಕೊರೆದು ಕಾಲು ಇಳಿಸಿ ಅಂಟಿಸಿದರೆ ಪೀಪಾಯಿ ಕೈಜಾರಿ ಬಿದ್ದರೂ ಕಿತ್ತುಬರುವುದಿಲ್ಲ. ಉಬ್ಬಿದ, ಸೋರಿದ ಕೆಪಾಸಿಟರ್ ಬೇಡ, ಅದರ ದ್ರವ ಚರ್ಮಕ್ಕೂ ಬಣ್ಣಕ್ಕೂ ಕೇಡು.

ಅಳತೆ ತಪ್ಪುವ ಇನ್ನೊಂದು ಜಾಗ ತಗಡಿನ ಗೋಡೆ. ರಟ್ಟಿನ ಪೆಟ್ಟಿಗೆಯ ಮೇಲಿನ ಕಾಗದ ಒದ್ದೆ ಮಾಡಿ ಸುಲಿದರೆ ಒಳಗಿನ ಅಲೆ ಕಾಣುತ್ತದೆ, ಅದು ತಗಡಿನ ಹಾಗಿರುತ್ತದೆ ಎಂಬುದು ಎಲ್ಲರ ಸಲಹೆ. ಆದರೆ ಪಾರ್ಸೆಲ್ ಪೆಟ್ಟಿಗೆಯ ಅಲೆ ಸುಮಾರು 6ರಿಂದ 8 ಮಿ.ಮೀ. ಅಗಲ, ಯೋಧನ ಲೆಕ್ಕದಲ್ಲಿ 35ರಿಂದ 45 ಸೆಂ.ಮೀ. ಅಂಥ ತಗಡು ಎಲ್ಲೂ ಇಲ್ಲ. ಮಿಕ್ಸಿ ಜಾರ್, ಇಸ್ತ್ರಿ ಪೆಟ್ಟಿಗೆ ಬರುವ ತೆಳು ಪೆಟ್ಟಿಗೆಗಳಲ್ಲಿ ಅಲೆ 3 ಮಿ.ಮೀ. ಆಸುಪಾಸಿನದು. ಅದು ನಮ್ಮ ಊರುಗಳ ಸಿಮೆಂಟ್ ಶೀಟಿಗೆ ಸರಿಹೋಗುತ್ತದೆ.

ಪ್ಲಾಸ್ಟಿಕ್ಕಿನ ಜಾತಿ ತಿಳಿಯದೆ ಅಂಟಿಸಿದರೆ ಎಷ್ಟು ಚೆಂದ ಮಾಡಿದರೂ ವ್ಯರ್ಥ. ನೀರಿನ ಬಾಟಲಿ ಮುಚ್ಚಳ, ಶಾಂಪೂ ಡಬ್ಬಿ, ಹೆಚ್ಚಿನ ಪೆನ್ ರೀಫಿಲ್‌ಗಳು ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್. ಇವಕ್ಕೆ ಫೆವಿಕ್ವಿಕ್ ಹಿಡಿಯುವುದಿಲ್ಲ, ಬಣ್ಣ ಉಗುರು ತಾಗಿದರೆ ಪದರವಾಗಿ ಏಳುತ್ತದೆ. ಕೀಬೋರ್ಡ್ ಕೀ, ಪ್ರಿಂಟರಿನ ಹೊರಮೈ ಹೆಚ್ಚಾಗಿ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಅಥವಾ ಪಾಲಿಸ್ಟೈರೀನ್. ಇವಕ್ಕೆ ಅಂಟೂ ಹಿಡಿಯುತ್ತದೆ, ಬಣ್ಣವೂ ನಿಲ್ಲುತ್ತದೆ. ಗುರುತಿಸುವ ಸುಲಭ ದಾರಿ ಒಂದು ಬಟ್ಟಲು ನೀರು. ಗಾಳಿ ಗುಳ್ಳೆ ಉಳಿಯದಂತೆ ತುಂಡನ್ನು ಮುಳುಗಿಸಿ ಬಿಡಿ: ತೇಲಿದರೆ ಮೊದಲ ಗುಂಪು, ಮುಳುಗಿದರೆ ಹೆಚ್ಚಾಗಿ ಎರಡನೆಯದು. ವಸ್ತುವಿನ ಮೇಲೆ ಅಚ್ಚಾದ ಮರುಬಳಕೆಯ ತ್ರಿಕೋನದೊಳಗೆ 2, 4, 5 ಎಂದಿದ್ದರೂ ಮೊದಲ ಗುಂಪೇ. ಆ ಗುಂಪಿನ ಆಕಾರ ಬೇಕೇ ಬೇಕು ಅನಿಸಿದರೆ ಪಾತ್ರೆ ತೊಳೆಯುವ ಸೋಪಿನಿಂದ ಜಿಡ್ಡು ತೊಳೆದು, 220 ನಂಬರ್ ಸ್ಯಾಂಡ್‌ಪೇಪರಿನಲ್ಲಿ ಒರಟಾಗುವವರೆಗೆ ಉಜ್ಜಿ, ಅಂಟನ್ನು ನಂಬದೆ 1 ಮಿ.ಮೀ. ತೂತಿನಲ್ಲಿ ಪೇಪರ್ ಕ್ಲಿಪ್ ತಂತಿ ತೂರಿಸಿ ಜೋಡಿಸಿ. ಆಮೇಲೆ ಫೆವಿಕಾಲ್ ನೀರಿನಲ್ಲಿ ಅದ್ದಿದ ಟಿಶ್ಯೂ ಕಾಗದ ಮೈತುಂಬ ಸುತ್ತಿ. ಬಣ್ಣ ಕಾಗದಕ್ಕೆ ಹಿಡಿಯುತ್ತದೆ, ಕಾಗದ ತುಂಡನ್ನು ಬಿಗಿಯಾಗಿ ತಬ್ಬಿಕೊಂಡಿರುತ್ತದೆ.

ಬೇಸ್ ಇಲ್ಲದ ತುಣುಕು ಉರುಳುತ್ತದೆ, ರಟ್ಟಿನ ಬೇಸ್ ಬಾಗುತ್ತದೆ. ಫೆವಿಕಾಲಿನ ನೀರು ಕುಡಿದು ಹಿಗ್ಗುವ ರಟ್ಟು ಅಂಟು ಒಣಗುವಾಗ ಆ ಕಡೆಗೇ ಸೆಳೆಯಲ್ಪಡುತ್ತದೆ, ನಾಲ್ಕು ಮೂಲೆಯೂ ಮೇಲೇಳುತ್ತವೆ. 3 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತೆಗೆದುಕೊಂಡು ಅಂಚನ್ನು ಓರೆಯಾಗಿ ಉಜ್ಜಿ, ಎರಡೂ ಬದಿಗೆ ಬಣ್ಣ ಬಳಿದರೆ ಈ ತೊಂದರೆ ಇಲ್ಲ. ಮೂಲೆಗೆ ಬಿದ್ದಿರುವ ಸಿಡಿಗಳು ಇನ್ನೂ ಒಳ್ಳೆಯವು: 120 ಮಿ.ಮೀ. ಅಗಲ, 1.2 ಮಿ.ಮೀ. ದಪ್ಪ, ನೀರು ತಾಗಿದರೂ ಬಾಗುವುದಿಲ್ಲ. ಒಂದೇ ಎಚ್ಚರಿಕೆ, ಹೆಸರು ಅಚ್ಚಾದ ಬದಿಯ ಮೇಲೆ ಕಟ್ಟಬೇಡಿ. ಅಲ್ಲಿ ಲೇಪದ ಕೆಳಗೇ ಅಲ್ಯೂಮಿನಿಯಂ ಪದರ ಇರುತ್ತದೆ, ಅದು ಅಂಟಿನ ಸಮೇತ ಹಾಳೆಯಾಗಿ ಕಿತ್ತುಬರುತ್ತದೆ. ಹೊಳೆಯುವ ಬದಿಯನ್ನು 120 ನಂಬರಿನಲ್ಲಿ ಮಬ್ಬಾಗುವಷ್ಟು ಉಜ್ಜಿ ಅದರ ಮೇಲೆ ಕಟ್ಟಿ.

ಒಂದು ಸಿಡಿಯ ಮೇಲೆ ಪಂಪ್‌ಹೌಸ್ ತುಣುಕು ಹೇಗಾಗುತ್ತದೆ ನೋಡಿ. ನಡುವಿನ ತೂತು ಮುಚ್ಚುವಂತೆ 45 ಮಿ.ಮೀ. ಎತ್ತರದ ಮಾತ್ರೆ ಡಬ್ಬಿ ಬೋರಲು. ಅದರ ಮೇಲೆ, ಕೆಳಗೆ 4 ಮಿ.ಮೀ. ಅಗಲದ ಕಾರ್ಡ್ ಪಟ್ಟಿ. ಪಟ್ಟಿಯ ಮೇಲೆ ಬಟ್ಟೆಗೆ ಚಿತ್ರ ಬಿಡಿಸುವ ತ್ರೀಡಿ ಔಟ್‌ಲೈನರಿನಿಂದ 5 ಮಿ.ಮೀ.ಗೊಂದು ಚುಕ್ಕಿ ಇಟ್ಟರೆ ರಿವೆಟ್. ವೈರಿಂಗ್ ಮುಗಿದ ಮನೆಯಲ್ಲಿ ಬಿದ್ದಿರುವ 2.5 ಸ್ಕ್ವೇರ್ ಎಂಎಂ ವೈರಿನ ಮೂರು ತುಂಡು ಪೈಪಾಗುತ್ತವೆ. ಒಳಗೆ ತಾಮ್ರ ಇರುವುದರಿಂದ ಬಗ್ಗಿಸಿದ ಹಾಗೆ ನಿಲ್ಲುತ್ತವೆ. ಪ್ರಿಂಟರಿನ ಸಣ್ಣ ಹಲ್ಲುಚಕ್ರ ವಾಲ್ವ್. ಕೀಬೋರ್ಡಿನ ಒಂದು ಕೀ, ಅಕ್ಷರ ಉಜ್ಜಿ ಓರೆಯಾಗಿ ಕೂರಿಸಿದರೆ ನಿಯಂತ್ರಣ ಪೆಟ್ಟಿಗೆ. ವೈರಿನ ಹೊದಿಕೆ ಮೆದು ಪಿವಿಸಿ ಆದ್ದರಿಂದ ಅದಕ್ಕೂ ಸ್ಪ್ರೇ ಆಗದು: ಅದರೊಳಗಿನ ಮೆದುಕಾರಕ ಬಣ್ಣಕ್ಕೆ ಇಳಿದು ತಿಂಗಳಾದರೂ ಜಿಗುಟು ಹೋಗುವುದಿಲ್ಲ. ಮೇಲೆ ಹೇಳಿದ ಕಪ್ಪು ಮಿಶ್ರಣವನ್ನೇ ಬ್ರಶ್‌ನಲ್ಲಿ ಬಳಿಯಿರಿ. ಡಬ್ಬಿಗೂ ಸಿಡಿಗೂ ನಡುವೆ ಫೆವಿಕಾಲ್ ಹಾಕಬೇಡಿ. ಎರಡೂ ನೀರು ಹೀರದ ಮೈಗಳಾದ್ದರಿಂದ ಒಳಗಿನ ಅಂಟು ಒಣಗುವುದೇ ಇಲ್ಲ. ಅಲ್ಲಿ ಎಂ-ಸೀಲ್ ಬೇಕು. ಡಬ್ಬಿ ತೇಲುವ ಗುಂಪಿನದಾದರೆ ಅದನ್ನು ಮೊದಲೇ ಉಜ್ಜಿ ಟಿಶ್ಯೂ ಸುತ್ತಿರಬೇಕು.

ನೆಲಕ್ಕೆ ಜರಡಿ ಹಿಡಿದ ಮರಳು, ನಡುನಡುವೆ ಒಂದಿಷ್ಟು ಬಿಳಿ ರಂಗೋಲಿ ಪುಡಿ ಫೆವಿಕಾಲಿನ ಮೇಲೆ ಉದುರಿಸಿ. ಬಣ್ಣದ ರಂಗೋಲಿ ಒದ್ದೆಯಾದರೆ ಬಣ್ಣ ಬಿಡುತ್ತದೆ. ರವೆ, ರಾಗಿಯಂಥ ಧಾನ್ಯ, ಮೈದಾ ಅಂಟು ಇವೆಲ್ಲ ಹುಳುವಿಗೆ, ಬೂಸ್ಟಿಗೆ ಆಹ್ವಾನ. ಸೋಸಿ ಉಳಿದ ಟೀ ಪುಡಿ ಒಣ ಎಲೆಯಂತೆ ಚೆನ್ನಾಗಿ ಕಾಣುತ್ತದೆ, ಆದರೆ ಬಿಸಿಲಿನಲ್ಲಿ ಗರಿಗರಿಯಾಗುವವರೆಗೆ ಒಣಗಿಸಿರಬೇಕು.

ಬಣ್ಣ ಹಾಕುವುದು ಎಲ್ಲಕ್ಕಿಂತ ಸುಲಭ. ಕಪ್ಪಿನ ಮೇಲೆ ಕಡು ಬೂದು, ಆಮೇಲೆ ತಿಳಿ ಬೂದು ಡ್ರೈಬ್ರಶ್. ಬ್ರಶ್ಶನ್ನು ಕಾಗದಕ್ಕೆ ಒರೆಸಿ, ಬಣ್ಣ ಹೆಚ್ಚೂಕಡಿಮೆ ಹೋದ ಮೇಲೆ ಅಂಚುಗಳಿಗೆ ಮಾತ್ರ ತಾಗಿಸುವುದು. ತುಕ್ಕಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣವನ್ನು ಸ್ಪಂಜಿನ ಚೂರಿನಿಂದ ತಟ್ಟಿ, ಅದರ ನಡುವೆ ಚೂರೇ ಚೂರು ಕಿತ್ತಳೆ. ಕೆಪಾಸಿಟರಿನಂಥ ಲೋಹಕ್ಕೆ ಸ್ಪ್ರೇ ಪ್ರೈಮರ್ ಬಳಸುವವರು ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ದಿನ ನೋಡಿ ಹೊಡೆಯಬೇಕು. ದ್ರಾವಕ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಪದರದೊಳಗೆ ಸೇರಿಕೊಂಡು ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. 20ರಿಂದ 25 ಸೆಂ.ಮೀ. ದೂರದಿಂದ, ತೆಳುವಾಗಿ, ಬಯಲಿನಲ್ಲಿ.

ಮೇಜಿಗೆ ಇಡುವಾಗಲೂ ಲೆಕ್ಕ ಬೇಕು. ಸೊಂಟಮಟ್ಟದ ಮರೆಗೆ 15ರಿಂದ 18 ಮಿ.ಮೀ. ಎತ್ತರ ಸಾಕು. ಪೂರ್ತಿ ಕಣ್ಮರೆ ಮಾಡಲು, ಬೇಸಿನ ದಪ್ಪವೂ ಸೇರುವುದರಿಂದ, 40 ಮಿ.ಮೀ. ಮೀರಿರಬೇಕು. 25ರಿಂದ 30 ಮಿ.ಮೀ. ಎತ್ತರದ ತುಣುಕು ಮರೆಯೋ ಅಲ್ಲವೋ ಎಂಬ ಜಗಳವೇ ಪ್ರತಿ ಸರದಿಯಲ್ಲೂ, ಆ ಎತ್ತರವನ್ನು ಬಿಟ್ಟುಬಿಡುವುದು ಒಳ್ಳೆಯದು. ತುಣುಕುಗಳ ನಡುವೆ 50 ಮಿ.ಮೀ. ದಾರಿ ಬಿಟ್ಟರೆ 40 ಮಿ.ಮೀ. ಬೇಸಿನ ಯೋಧನೂ ಹಾಯಬಲ್ಲ. 30×22 ಇಂಚಿನ ಸಣ್ಣ ಮೇಜಿಗೆ ನಾಲ್ಕು ದೊಡ್ಡ ಪಾಳುಗೋಡೆ, ಎಂಟು ಸ್ಕ್ಯಾಟರ್ ತುಣುಕು ಹದವಾಗಿರುತ್ತದೆ. ಪ್ರತಿಯೊಂದನ್ನೂ ಜೋಡಿಯಾಗಿ ಮಾಡಿದರೆ ಇಬ್ಬರಿಗೂ ಸಮನಾದ ಮರೆ ಸಿಗುತ್ತದೆ.

ಅಂಟಿಸಿ ಬಣ್ಣ ಬಳಿದ ತುಣುಕನ್ನು ಮುಂದೆ ಯಾರೂ ಮರುಬಳಕೆಗೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಆಕಾರ ಚೆನ್ನಾಗಿದೆ ಎಂದು ಸರಿಯಾಗಿ ಕೆಲಸ ಮಾಡುತ್ತಿರುವ ಕೀಬೋರ್ಡ್, ಪ್ರಿಂಟರ್ ಒಡೆಯಬಾರದು. ಬೇಕಾದ್ದನ್ನು ತೆಗೆದುಕೊಂಡು ಉಳಿದ ಬೋರ್ಡ್, ಮೋಟಾರು, ಕೇಬಲ್‌ಗಳನ್ನು ಮನೆ ಕಸದ ಜೊತೆ ಕೊಡದೆ ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣಾ ಘಟಕಕ್ಕೋ ಸಂಗ್ರಹ ಕೇಂದ್ರಕ್ಕೋ ತಲುಪಿಸಬೇಕು. 2023ರ ಏಪ್ರಿಲ್‌ 1ರಿಂದ ಹೊಸ ಇ-ತ್ಯಾಜ್ಯ ನಿಯಮಗಳು ಜಾರಿಯಲ್ಲಿವೆ. ಪುರವಣಿಯ ಮುಂದಿನ ಸಂಚಿಕೆಯಲ್ಲಿ ಪವರ್ ಸಪ್ಲೈ ಬಗೆಗಿನ ಎಚ್ಚರಿಕೆಯನ್ನು, ಸಾಧ್ಯವಾದರೆ ಮೇಲಿನ ಅಳತೆಗಳ ಜೊತೆಗೆ, ಎದ್ದು ಕಾಣುವಂತೆ ಪ್ರಕಟಿಸಬೇಕೆಂದು ಕೋರುತ್ತೇವೆ. ರಜೆ ಮುಗಿಯುವ ಮೊದಲೇ ಬಂದರೆ ಉಪಕಾರವಾದೀತು.

ಇಂತಿ,
ಟೇಬಲ್‌ಟಾಪ್ ಯುದ್ಧದಾಟದ ಹವ್ಯಾಸಿಗಳು, ಬೆಂಗಳೂರು